ಹಳೆಯ ಬಾಂಡೆ, ಹೊಸ ಸಾಲ

ಸಂತೆಯ ದಿನ ಸಿಂಧನೂರಿಗೋ ಲಿಂಗಸುಗೂರಿಗೋ ಮಸ್ಕಿಗೋ ಹೋದವರು ಕಾಯಿಪಲ್ಲೆಯ ಸಾಲು ಮುಗಿದ ಮೇಲೂ ನಾಲ್ಕು ಹೆಜ್ಜೆ ಮುಂದೆ ನಡೆದು ನೋಡಬೇಕು. ಗೋಣಿತಟ್ಟಿನ ಮೇಲೆ ಹರವಿಟ್ಟ ಹಳೆಯ ಬಾಂಡೆ ಸಾಮಾನು ಅಲ್ಲಿ ಬಿಸಿಲಿಗೆ ಹೊಳೆಯುತ್ತಿರುತ್ತದೆ. ಹಿಡಿಕೆ ಸಡಿಲಾದ ಕುಕ್ಕರು, ಅಂಚು ತಗ್ಗಿದ ಪರಾತ, ಜರ್ಮನ್ ಬೋಗುಣಿ, ಸ್ಟೀಲಿನ ತಾಟು, ಒಂದು ಬರ್ನರಿನ ಒಲೆ, ಕಬ್ಬಿಣದ ಹಂಚು, ಅಪರೂಪಕ್ಕೆ ಒಂದು ಹಿತ್ತಾಳೆಯ ಕೊಡ. ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬೆರಳಿನಿಂದ ತಟ್ಟಿ ನೋಡುವ ಹೆಣ್ಣುಮಕ್ಕಳು. ಹತ್ತಿ, ತೊಗರಿ, ಭತ್ತದ ಪೇಟೆಧಾರಣೆ ಪ್ರತಿದಿನ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಈ ಪೇಟೆಯ ಸುದ್ದಿ ಎಲ್ಲಿಯೂ ಬರುವುದಿಲ್ಲ. ಬಡವರ ಅಡಿಗೆಮನೆ ಸುದ್ದಿಯಾಗುವುದು ಅದಕ್ಕೆ ಬೆಂಕಿ ಬಿದ್ದಾಗ ಮಾತ್ರ.

ಹಳೆಯ ಪಾತ್ರೆ ಕೊಳ್ಳುವುದು ಅವಮಾನವೆಂಬ ಭಾವನೆ ನಮ್ಮಲ್ಲಿ ಇನ್ನೂ ಇದೆ. ಕೊಂಡವರು ಸೆರಗಿನಡಿ ಮುಚ್ಚಿ ಒಯ್ಯುತ್ತಾರೆ. ನೆರೆಯವರು ಕೇಳಿದರೆ ತವರುಮನೆಯದು ಎನ್ನುತ್ತಾರೆ. ಈ ಸಂಕೋಚ ಬೇಡವೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ದುಡಿದ ಹಣದಲ್ಲಿ ಗಟ್ಟಿ ಸಾಮಾನು ಅಗ್ಗಕ್ಕೆ ಕೊಳ್ಳುವುದು ಜಾಣತನ. ತೆಳುವಾದ ಹೊಸ ತಗಡಿಗಿಂತ ಇಪ್ಪತ್ತು ವರ್ಷ ಬಾಳಿದ ದಪ್ಪ ಪಾತ್ರೆ ಮೇಲು. ಇದನ್ನು ತಿಳಿಯಲು ಪಂಡಿತರು ಬೇಕಿಲ್ಲ. ಹೊಸ ಸಂಸಾರ ಹೂಡಿದವರು, ಕ್ಯಾಂಪುಗಳಲ್ಲಿ ನಾಟಿ ಕೆಲಸಕ್ಕೆ ಬಂದವರು, ರಸ್ತೆಯ ಬದಿಗೆ ಮಿರ್ಚಿ-ಮಂಡಾಳಿನ ಅಂಗಡಿ ಇಟ್ಟವರು, ಕೋಣೆ ಹಿಡಿದು ಓದುವ ಹುಡುಗರು, ಇವರೆಲ್ಲರಿಗೂ ಗೋಣಿತಟ್ಟಿನ ಈ ಅಂಗಡಿ ದೊಡ್ಡ ಆಸರೆ.

ಆದರೆ ನೋಡಿ ಕೊಳ್ಳಬೇಕು. ಕೊಡವನ್ನು ಅಲ್ಲಿಯೇ ನೀರು ತುಂಬಿ ಐದು ನಿಮಿಷ ಒಣ ಕಲ್ಲಿನ ಮೇಲೆ ಇಟ್ಟು ನೋಡಿರಿ. ಬೆಸುಗೆ ಬಿಟ್ಟಿದ್ದರೆ ಕಲ್ಲೇ ಹೇಳುತ್ತದೆ. ಹಿತ್ತಾಳೆ, ತಾಮ್ರದ ಪಾತ್ರೆಯ ಒಳಗೆ ಕಲಾಯಿ ಉಳಿದಿಲ್ಲವಾದರೆ ಅದರಲ್ಲಿ ಹುಣಸೆಹುಳಿ, ಮಜ್ಜಿಗೆ ಇಡಬಾರದು. ಹುಳಿಗೆ ಲೋಹ ಬಿಟ್ಟು ಅಡಿಗೆ ಕೆಡುತ್ತದೆ, ಹೊಟ್ಟೆಯೂ ಕೆಡುತ್ತದೆ. ಕಲಾಯಿ ಹಾಕುವವರು ಈಗ ಊರೂರಿಗೆ ಬರುವುದಿಲ್ಲ. ಪಾತ್ರೆ ಕಾಯಿಸಿ, ನವಸಾಗರ ತಿಕ್ಕಿ, ತವರ ಸವರಿ, ಅರಿವೆಯಿಂದ ಒಂದೇ ಸುತ್ತಿಗೆ ಬೆಳ್ಳಗೆ ಮಾಡುತ್ತಿದ್ದ ಆ ಕೈಗಳು ಬೇರೆ ಕೂಲಿ ಹುಡುಕಿಕೊಂಡು ಹೋದವು. ಕೊಳ್ಳುವ ಮೊದಲೇ ಕಲಾಯಿಯವರು ಎಲ್ಲಿ ಸಿಗುತ್ತಾರೆಂದು ವಿಚಾರಿಸಿಕೊಳ್ಳುವುದು ಒಳ್ಳೆಯದು. ಕುಕ್ಕರಿನ ವಿಷಯದಲ್ಲಿ ಜಿಪುಣತನ ಕೂಡದು. 2021ರ ಫೆಬ್ರವರಿಯಿಂದ ಐಎಸ್‌ಐ ಗುರುತಿಲ್ಲದ ಕುಕ್ಕರನ್ನು ತಯಾರಿಸಿ ಮಾರುವಂತಿಲ್ಲ. ಹಳೆಯದರಲ್ಲಿಯೂ ಆ ಗುರುತನ್ನು ಹುಡುಕಿರಿ. ತಳ ಉಬ್ಬಿದ್ದರೆ ಬಿಟ್ಟುಬಿಡಿರಿ. ಕೊಂಡರೆ ಅಂದೇ ರಬ್ಬರ್ ಉಂಗುರವನ್ನೂ ಸುರಕ್ಷಾ ವಾಲ್ವನ್ನೂ ಹೊಸದಾಗಿ ಹಾಕಿಸಿರಿ. ಇನ್ನು ಆಯಸ್ಕಾಂತ ಹಿಡಿದು ಸ್ಟೀಲು ಪರೀಕ್ಷೆ ಮಾಡುವ ಜಾಣರು ಎಲ್ಲ ಸಂತೆಯಲ್ಲಿಯೂ ಇದ್ದಾರೆ. ಆಯಸ್ಕಾಂತಕ್ಕೆ ಅಂಟುವ ಒಳ್ಳೆಯ ಸ್ಟೀಲೂ ಉಂಟು, ಅಂಟದ ಅಗ್ಗದ ಸ್ಟೀಲೂ ಉಂಟು. ಆ ಆಟವನ್ನು ಹುಡುಗರಿಗೆ ಬಿಡುವುದು ಲೇಸು.

ಕೊಳ್ಳುವವರ ಮಾತು ಇಷ್ಟು. ಈ ಸಾಮಾನು ಗೋಣಿತಟ್ಟಿನ ಮೇಲೆ ಬಂದದ್ದು ಹೇಗೆ ಎಂಬುದೇ ನಮ್ಮನ್ನು ಇಂದು ಬರೆಯಲು ಹಚ್ಚಿದ ಪ್ರಶ್ನೆ.

ಆ ಪಾತ್ರೆಗಳನ್ನು ಒಮ್ಮೆ ತಿರುಗಿಸಿ ನೋಡಿರಿ. ಕುತ್ತಿಗೆಯ ಮೇಲೆ, ಅಂಚಿನ ಕೆಳಗೆ ಚುಕ್ಕಿಚುಕ್ಕಿಯಾಗಿ ಕೊರೆದ ಹೆಸರು ಇರುತ್ತದೆ. ಯಾವ ಊರು, ಯಾರ ಮಗಳು, ಯಾವ ಇಸವಿಯ ಮದುವೆ, ಆಯೇರಿ ಮಾಡಿದ ಸೋದರಮಾವ ಯಾರು ಎಂಬುದೆಲ್ಲ ಒಂದೂವರೆ ಸಾಲಿನಲ್ಲಿ ಇರುತ್ತದೆ. ಹೆಸರು ಕೊರೆಸಿದ ಪಾತ್ರೆಯನ್ನು ಯಾರೂ ಬೇಸರವಾಯಿತೆಂದು ಮಾರುವುದಿಲ್ಲ. ಮಳೆ ಹೋಯಿತು, ತೊಗರಿ ಒಣಗಿತು, ಮನೆಯಲ್ಲಿ ಯಾರಿಗೋ ಆಪರೇಷನ್ ಆಯಿತು, ಸಂಘದ ಕಂತು ಕಟ್ಟುವ ವಾರ ಬಂದಿತು. ಮೊದಲು ಕಿವಿಯ ಬೆಂಡೋಲೆ ಗಿರವಿಗೆ ಹೋಗುತ್ತದೆ. ಆಮೇಲೆ ಕುರಿ. ಕೊನೆಗೆ ಅಟ್ಟದ ಮೇಲಿನ ಹಂಡೆ ಇಳಿಯುತ್ತದೆ. ಬೆಂಗಳೂರು, ಪುಣೆ, ಹೈದರಾಬಾದಿನ ಕಟ್ಟಡಗಳ ಕೆಲಸಕ್ಕೆ ಗುಳೆ ಹೊರಟ ಸಂಸಾರ ಎಂಟು ಕಿಲೋದ ಹಂಡೆಯನ್ನು ಬಸ್ಸಿನಲ್ಲಿ ಒಯ್ಯುವಂತಿಲ್ಲ, ಬೀಗ ಹಾಕಿದ ಮನೆಯಲ್ಲಿ ಬಿಟ್ಟು ಹೋಗುವ ಧೈರ್ಯವೂ ಇಲ್ಲ. ಮಾರುತ್ತಾರೆ. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಸರಕಾರವೇ ಸಾರಿತು. ಅಂಥ ವರ್ಷ ಎಷ್ಟು ಅಡಿಗೆಮನೆಗಳು ಬರಿದಾದವು ಎಂಬ ಲೆಕ್ಕ ಯಾವ ಕಚೇರಿಯ ಕಡತದಲ್ಲಿದೆ?

ನೀರು ಬಂದ ಕಡೆ ಕೊಳ್ಳುವ ಕೈ, ನೀರು ಬಾರದ ಕಡೆ ಮಾರುವ ಕೈ. ತುಂಗಭದ್ರೆಯ ಎಡದಂಡೆ ಕಾಲುವೆ ಸಿಂಧನೂರಿನ ಸುತ್ತ ಭತ್ತ ಬೆಳೆಸಿತು, ಮಿಲ್ಲುಗಳನ್ನು ಎಬ್ಬಿಸಿತು. ಕಾಲುವೆಯ ಕೊನೆಯ ರೈತನ ಕಥೆ ಬೇರೆ. ಮಸ್ಕಿಯ ಕಡೆ ಪಾಮನಕಲ್ಲೂರಿನಲ್ಲಿ 5ಎ ಕಾಲುವೆಗಾಗಿ ರೈತರು 2020ರಲ್ಲಿ ಧರಣಿ ಕೂತು ತಿಂಗಳುಗಟ್ಟಲೆ ಕದಲದೆ ಇದ್ದದ್ದು ಏಕೆ? ಮಳೆ ನಂಬಿದ ಹೊಲದವನ ಮನೆಯಲ್ಲಿ ಯಾವ ಸಾಮಾನೂ ಸ್ಥಿರವಲ್ಲ, ಅದಕ್ಕೆ. ಲಿಂಗಸುಗೂರು ತಾಲೂಕಿನದು ಇನ್ನೂ ವಿಚಿತ್ರ. ಹಟ್ಟಿಯಲ್ಲಿ ನೆಲದಿಂದ ಚಿನ್ನ ತೆಗೆಯುತ್ತಾರೆ. ಚಿನ್ನವಿದ್ದವರಿಗೆ ಯಾವ ಬ್ಯಾಂಕಿನಲ್ಲಿಯೂ ಕುರ್ಚಿ ಕೊಟ್ಟು ಸಾಲ ಕೊಡುತ್ತಾರೆ. ಅದೇ ತಾಲೂಕಿನ ಕೂಲಿಯವಳ ಹತ್ತಿರ ಇರುವುದು ಹಿತ್ತಾಳೆ. ಹಿತ್ತಾಳೆಯನ್ನು ಒತ್ತೆ ಇಟ್ಟುಕೊಳ್ಳುವ ಬ್ಯಾಂಕನ್ನು ನಾವು ಈವರೆಗೆ ಕಂಡಿಲ್ಲ. ಅವಳಿಗೆ ಉಳಿದದ್ದು ಮೋಡ್ಕಾ ಅಂಗಡಿಯ ತಕ್ಕಡಿ.

ಆ ತಕ್ಕಡಿಯ ಲೆಕ್ಕ ಹೇಗೆ ನಡೆಯುತ್ತದೆ? ನಾಲ್ಕು ಕಿಲೋದ ಒಂದು ಕೊಡವನ್ನು ಉದಾಹರಣೆಗೆ ಹಿಡಿಯೋಣ. ತೂಕದಲ್ಲಿ 100 ಗ್ರಾಂ ಹೋಯಿತು. ಬೆಸುಗೆಯೆಂದು 200 ಗ್ರಾಂ, ಕಿಲುಬು-ಕಲಾಯಿಯೆಂದು ಇನ್ನು 200 ಗ್ರಾಂ ಕಡಿತ. ಅರ್ಧ ಕಿಲೋ, ಅಂದರೆ ಎಂಟರಲ್ಲಿ ಒಂದು ಪಾಲು, ದರ ಮಾತಾಡುವ ಮೊದಲೇ ಕರಗಿತು. ಕಲಾಯಿಗೆಂದು ಕಳೆಯುವುದಂತೂ ನಗೆಪಾಟಲು. ಕಲಾಯಿ ಎಂದರೆ ತವರ, ತವರದ ಬೆಲೆ ತಾಮ್ರಕ್ಕಿಂತ ಹೆಚ್ಚು, ತಾಮ್ರದ ಬೆಲೆ ಹಿತ್ತಾಳೆಗಿಂತ ಹೆಚ್ಚು. ಇದೇ ಕಾರಣಕ್ಕೆ ಕಂಚಿನ ಗಂಗಾಳವನ್ನು ಹಿತ್ತಾಳೆಯ ದರಕ್ಕೆ ಹಾಕುವುದು ಇನ್ನೂ ದೊಡ್ಡ ಮೋಸ. ಹಿತ್ತಾಳೆಯಲ್ಲಿ ತಾಮ್ರದ ಜೊತೆ ಇರುವುದು ಸತು, ಕಂಚಿನಲ್ಲಿ ಇರುವುದು ತವರ. ಅಜ್ಜಿಯ ಕಾಲದ ಗಂಗಾಳ ತಟ್ಟಿದರೆ ಗಂಟೆಯಂತೆ ನಾದ ಬರುತ್ತದೆ. ಆ ನಾದವನ್ನು ಕೇಳಿಯೂ ಕೇಳದಂತೆ ಇರುವ ಕಿವಿಗಳು ಪೇಟೆಯಲ್ಲಿವೆ. ತಾಮ್ರ, ಸತು, ತವರದ ಧಾರಣೆ ಲಂಡನ್ನಿನ ಲೋಹ ವಿನಿಮಯ ಕೇಂದ್ರದಲ್ಲಿ ದಿನವೂ ನಿಗದಿಯಾಗುತ್ತದೆ. ಸಗಟು ವ್ಯಾಪಾರಿಯ ಮೊಬೈಲಿನಲ್ಲಿ ಅದು ಬೆಳಗಾಗುವ ಮುಂಚೆ ಬಂದಿರುತ್ತದೆ. ಕೊಡ ಹೊತ್ತು ತಂದವಳಿಗೆ ಗೊತ್ತಿರುವುದು ಸಂಜೆಗೆ ಎಷ್ಟು ಬೇಕು ಎಂಬುದೊಂದೇ. ಅವಳು ಅದೇ ಮೊತ್ತವನ್ನು ಬಾಯಿಬಿಟ್ಟು ಹೇಳಿಯೂ ಬಿಡುತ್ತಾಳೆ. ವ್ಯವಹಾರ ಅಲ್ಲಿಗೆ ಮುಗಿಯಿತು.

ಸುಗ್ಗಿಯಾಗಿ ನಾಲ್ಕು ಕಾಸು ಕೈಗೆ ಬಂದಾಗ ಅವಳೇ ಮತ್ತೆ ಸಂತೆಗೆ ಬರುತ್ತಾಳೆ. ಲೋಹದ ತೂಕಕ್ಕೆ ಕೊಟ್ಟದ್ದನ್ನು ಈಗ ಪಾತ್ರೆಯ ಬೆಲೆಗೆ ಕೊಳ್ಳಬೇಕು. ತನ್ನದೇ ಕೊಡ ಸಿಗುವುದಂತೂ ಇಲ್ಲ. ಅದು ಕರಗಿ ಯಾವ ನಲ್ಲಿಯ ತಿರುಪಾಗಿದೆಯೋ! ಹಾಗಾಗಿ ಬಣ್ಣದ ಪ್ಲಾಸ್ಟಿಕ್ ಕೊಡ ಮನೆಗೆ ಬರುತ್ತದೆ. ಅದು ಒಡೆದ ದಿನ ಮಾರಿದರೆ ಬಸ್ ಚಾರ್ಜೂ ಹುಟ್ಟುವುದಿಲ್ಲ. ಹಿತ್ತಾಳೆಯ ಕೊಡ ನೀರು ಹಿಡಿಯುವ ಪಾತ್ರೆಯಷ್ಟೇ ಆಗಿರಲಿಲ್ಲ, ಕಷ್ಟಕಾಲದ ಠೇವಣಿಯೂ ಆಗಿತ್ತು.

ಈಗ ಕಾನೂನಿನ ಮಾತು. 1908ರ ದಿವಾಣಿ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ತೆಗೆದು ನೋಡಿರಿ. ಸಾಲಗಾರನ ಮೇಲೆ ಡಿಕ್ರಿಯಾದರೂ ಅವನ, ಅವನ ಹೆಂಡತಿ-ಮಕ್ಕಳ ಉಡುವ ಬಟ್ಟೆ, ಅಡಿಗೆ ಪಾತ್ರೆ, ಹಾಸಿಗೆ-ಹೊದಿಕೆಗಳನ್ನು ನ್ಯಾಯಾಲಯ ಜಪ್ತಿ ಮಾಡುವಂತಿಲ್ಲ ಎಂದು ಅದು ಹೇಳುತ್ತದೆ. ಬ್ರಿಟಿಷರ ಕಾಲದ ಕಾನೂನಿಗೂ ಗೊತ್ತಿತ್ತು, ಪಾತ್ರೆ ಹೋದರೆ ಮನೆಯೇ ಹೋಯಿತೆಂದು. ಅಮೀನನು ಮುಟ್ಟಲಾಗದ ಪಾತ್ರೆಯನ್ನು ಇಂದು ಕಂತು ವಸೂಲಿಯವನ ಒಂದು ಮಾತು ಅಟ್ಟದಿಂದ ಇಳಿಸುತ್ತದೆ. ಅವನು ಜಪ್ತಿ ಮಾಡುವುದಿಲ್ಲ. ಕಟ್ಟೆಯ ಮೇಲೆ ಕೂತು, ಸಂಘದ ಉಳಿದ ಹೆಂಗಸರನ್ನು ಕೂಡಿಸಿ, ಕಾಯುತ್ತಾನೆ. ಕಿರುಸಾಲದ ಕಿರುಕುಳ ಮಿತಿಮೀರಿ ಜನ ಮನೆ ಬಿಟ್ಟು ಓಡಿಹೋದ ಮೇಲೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆ ತಂದಿತು; ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಶಿಕ್ಷೆ, ಐದು ಲಕ್ಷದವರೆಗೆ ದಂಡ ಎಂದು ಬರೆಯಿತು. ಒಳ್ಳೆಯದೇ. ಆದರೆ ಮರ್ಯಾದೆಗೆ ಅಂಜಿ ತಾನೇ ಕೊಡ ಹೊತ್ತು ಸಂತೆಗೆ ಹೋದವಳನ್ನು ಯಾವ ಕಲಮು ತಡೆದು ನಿಲ್ಲಿಸಿ ವಿಚಾರಿಸುತ್ತದೆ?

ಗಿರವಿ ಇಟ್ಟವರಿಗಾದರೂ 1961ರ ಗಿರವಿದಾರರ ಕಾಯ್ದೆಯ ಪ್ರಕಾರ ಚೀಟಿ ಸಿಗಬೇಕು, ಬಿಡಿಸಿಕೊಳ್ಳಲು ಅವಧಿ ಸಿಗಬೇಕು. ಮೋಡ್ಕಾಕ್ಕೆ ಹಾಕಿದವರ ಕೈಯಲ್ಲಿ ಚೀಟಿಯೂ ಇಲ್ಲ, ಅವಧಿಯೂ ಇಲ್ಲ. ಮಸ್ಕಿಯ ನೆಲವನ್ನು 1954ರಲ್ಲಿ ಬಿ. ಕೆ. ಥಾಪರ್ ಅವರು ಅಗೆಸಿದಾಗ ಸಾವಿರಾರು ವರ್ಷ ಹಿಂದಿನ ಮಡಕೆಯ ಚೂರುಗಳನ್ನೂ ಎಣಿಸಿ, ವಿಂಗಡಿಸಿ, ವರದಿಯಲ್ಲಿ ಚಿತ್ರ ಬರೆದು ಅಚ್ಚು ಹಾಕಿಸಿದರು. ಸತ್ತವರ ಮಡಕೆಗೆ ಇರುವ ದಾಖಲೆ ಬದುಕಿದವರ ಕೊಡಕ್ಕೆ ಇಲ್ಲ. ಹಾಗೆಂದು ಸರಕಾರಕ್ಕೆ ಈ ವ್ಯಾಪಾರ ಕಾಣುವುದೇ ಇಲ್ಲವೆಂದು ತಿಳಿಯಬೇಡಿರಿ. 2024ರ ಅಕ್ಟೋಬರ್ 10ರಿಂದ, ನೋಂದಣಿಯಿಲ್ಲದವರಿಂದ ಲೋಹದ ಗುಜರಿ ಕೊಂಡ ನೋಂದಾಯಿತ ವ್ಯಾಪಾರಿಯೇ ಜಿಎಸ್‌ಟಿ ಕಟ್ಟಬೇಕೆಂದು ನಿಯಮವಾಗಿದೆ. ಕೊಡ ಕೊಡವಾಗಿದ್ದಾಗ ಕಾಣದ ಕಣ್ಣಿಗೆ ಅದು ಜಜ್ಜಿ ಗುಜರಿಯಾದ ಕೂಡಲೆ ಕಂಡಿತು.

ಇಲ್ಲಿ ಒಂದು ತಪ್ಪು ತಿಳುವಳಿಕೆಗೆ ಎಡೆಯಾಗಬಾರದು. ಸೈಕಲ್ಲಿಗೆ ಚೀಲ ಕಟ್ಟಿಕೊಂಡು ಓಣಿ ಓಣಿ ಕೂಗುವವನೂ, ಹಳೆಯ ಸೀರೆ-ಕೂದಲು ತೆಗೆದುಕೊಂಡು ಸ್ಟೀಲು ಡಬ್ಬಿ ಕೊಡುವ ಹೆಣ್ಣುಮಗಳೂ ನಮ್ಮ ವೈರಿಗಳಲ್ಲ. ಅವರೂ ಹೊಟ್ಟೆಯ ಪಾಡಿನವರು. ಅವರ ಲಾಭವನ್ನು ಸಗಟಿನವನು ಹಿಂಡುತ್ತಾನೆ. ಸಂತೆಯ ಕರ ವಸೂಲಿ ಮಾಡುವವರು ಅವರಿಗೆ ಒಂದು ನೆರಳನ್ನೂ ಒದಗಿಸುವುದಿಲ್ಲ. ಅವರನ್ನು ಎಬ್ಬಿಸಿ ಓಡಿಸಿದರೆ ಈ ಪೇಟೆ ಸುಧಾರಿಸುವುದಿಲ್ಲ, ಇನ್ನಷ್ಟು ಕತ್ತಲಿಗೆ ಸರಿಯುತ್ತದೆ.

ಪರದೇಶಗಳಲ್ಲಿ ಹಳೆಯ ಮನೆಸಾಮಾನಿನ ಅಂಗಡಿಗಳು ಈಗ ಶೋಕಿಯ ವಿಷಯವಾಗಿವೆ ಎಂದು ಕೇಳುತ್ತೇವೆ. 1942ರಲ್ಲಿ ಹಸಿದ ಗ್ರೀಸ್ ದೇಶದವರಿಗೆ ನೆರವಾಗಲೆಂದು ಆಕ್ಸ್‌ಫರ್ಡಿನಲ್ಲಿ ಹುಟ್ಟಿದ ಆಕ್ಸ್‌ಫ್ಯಾಮ್ ಸಂಸ್ಥೆ ಊರೂರಲ್ಲಿ ಅಂಥ ಅಂಗಡಿ ನಡೆಸುತ್ತದೆ. ಅಲ್ಲಿ ಉಳ್ಳವರು ಹೆಚ್ಚಾದದ್ದನ್ನು ಪುಕ್ಕಟೆ ಕೊಡುತ್ತಾರೆ, ಬಂದ ಹಣ ಬಡವರ ಕೆಲಸಕ್ಕೆ ಹೋಗುತ್ತದೆ. ನಮ್ಮಲ್ಲಿ ಕೊಡುವವಳೇ ಹಸಿದವಳು. ಆದ್ದರಿಂದ ನಮಗೆ ಹತ್ತಿರದ ಪಾಠ ಬೇರೆ ಕಡೆ ಇದೆ. ಪ್ಯಾರಿಸ್ಸಿನಲ್ಲಿ 1637ರಲ್ಲಿ ಸ್ಥಾಪಿತವಾದ ಸಾರ್ವಜನಿಕ ಒತ್ತೆಮನೆ ಇಂದಿಗೂ ನಗರಸಭೆಯ ಸಂಸ್ಥೆಯಾಗಿ ನಡೆಯುತ್ತಿದೆ. ಇಂಡೋನೇಷ್ಯದಲ್ಲಿ 1901ರಲ್ಲಿ ಆರಂಭವಾದ ಸರಕಾರಿ ಗಿರವಿ ಅಂಗಡಿ ಇಂದು ದೇಶದ ತುಂಬ ಹಬ್ಬಿದೆ. ಒತ್ತೆ ಇಡುವ ದುರ್ದಿನ ಬಂದಾಗ ಬಡವನು ಬಡ್ಡಿಯವನ ಬಾಗಿಲಿಗೆ ಹೋಗದಿರಲೆಂದು ಸರಕಾರವೇ ಅಲ್ಲಿ ಒಂದು ಬಾಗಿಲು ತೆರೆಯಿತು. ಸಹಕಾರದ ಪಾಠವನ್ನು ನಾವು ಪರದೇಶದಿಂದ ಕಲಿಯಬೇಕಾದದ್ದೂ ಇಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿಯೇ ಕೃಷಿ ಪತ್ತಿನ ಸಂಘ ಕಟ್ಟಿದರು.

ಈ ಮೂರೂ ತಾಲೂಕುಗಳ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು ಮತ್ತು ಸಂಜೀವಿನಿಯ ಮಹಿಳಾ ಒಕ್ಕೂಟಗಳು ಕೂಡಿ ಒಂದು ಕೋಣೆ, ಒಂದು ಸಾಚಾ ತಕ್ಕಡಿ, ಒಂದು ದಫ್ತರ ಇಟ್ಟರೆ ಸಾಕು. ಪಾತ್ರೆ ತಂದವರಿಗೆ ಲೋಹದ ಬೆಲೆಯ ಮುಕ್ಕಾಲು ಪಾಲು ಕೈಗಡವಾಗಿ ಕೊಡಲಿ; ಕೊರೆದ ಹೆಸರನ್ನೇ ಗುರುತೆಂದು ಬರೆದುಕೊಳ್ಳಲಿ; ಒಂದು ಸುಗ್ಗಿಯಿಂದ ಮುಂದಿನ ಸುಗ್ಗಿಯವರೆಗೆ ಕಾಯಲಿ. ಹಿತ್ತಾಳೆ ಇಲಿ ತಿನ್ನುವ ಪದಾರ್ಥವಲ್ಲ, ಕೊಳೆಯುವುದೂ ಇಲ್ಲ. ಬಿಡಿಸಿಕೊಳ್ಳಲಾಗದೆ ಉಳಿದದ್ದನ್ನು ಕರಗಿಸಲು ಕಳಿಸದೆ ಅಲ್ಲಿಯೇ ಪಾತ್ರೆಯಾಗಿ ಮಾರಲಿ. ಕೈಗಡ ಮುರಿದುಕೊಂಡು ಹೆಚ್ಚಿಗೆ ಬಂದದ್ದನ್ನು ಪಾತ್ರೆಯ ಒಡತಿಗೆ ಕೊಡಲಿ. ಕೊಳ್ಳುವವರಿಗೂ ಕಲಾಯಿ ಹಾಕಿದ, ಸೋರದ ಸಾಮಾನು ಸಿಗುತ್ತದೆ. ಇದಕ್ಕೆ ಕೋಟಿಗಟ್ಟಲೆ ಅನುದಾನ ಬೇಕಿಲ್ಲ. ಬೇಕಾಗಿರುವುದು ಸಂಘಗಳ ಆಡಳಿತ ಮಂಡಳಿಗಳು ಚುನಾವಣೆಯ ಹೊರತು ಬೇರೆ ಕೆಲಸಕ್ಕೂ ಒಂದು ದಿನ ಸಭೆ ಸೇರುವುದು.

ಅದು ಆಗುವವರೆಗೆ ತೂಕ ಮತ್ತು ಅಳತೆಯ ಇಲಾಖೆಯವರು ಮಾಡಬೇಕಾದದ್ದು ಇದೆ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ನಿಯಮಗಳಂತೆ ವಿದ್ಯುನ್ಮಾನ ತಕ್ಕಡಿಗೆ 12 ತಿಂಗಳಿಗೊಮ್ಮೆ ಮರುಪರೀಕ್ಷೆಯಾಗಿ ಮುದ್ರೆ ಬೀಳಬೇಕು. ಬಂಗಾರದ ಅಂಗಡಿಯ ತಕ್ಕಡಿ ನೋಡುವ ಇನ್‌ಸ್ಪೆಕ್ಟರರು ಮೋಡ್ಕಾ ಅಂಗಡಿಯ ಮೆಟ್ಟಿಲನ್ನೂ ಹತ್ತಲಿ. ಪ್ರತಿ ಅಂಗಡಿಯ ಮುಂದೆ ಹಿತ್ತಾಳೆ, ತಾಮ್ರ, ಕಂಚು, ಸ್ಟೀಲು, ಜರ್ಮನ್ನಿನ ಅಂದಿನ ದರವನ್ನು ಕನ್ನಡದಲ್ಲಿ ಹಲಗೆಯ ಮೇಲೆ ಬರೆಯಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳು ಬಳಸಲಿ. ಇಲ್ಲವೆಂದರೆ ಲೈಸೆನ್ಸಿನ ಷರತ್ತಿನಲ್ಲಿ ಸೇರಿಸಲಿ. ತೂಕ, ಕಡಿತ, ದರ ಮೂರನ್ನೂ ಬರೆದ ಚೀಟಿ ಮಾರಿದವರ ಕೈಗೆ ಸಿಗಲಿ.

ಲಗ್ನದ ಹಂಗಾಮು ಬಂತೆಂದರೆ ಕೊಳ್ಳುವವರೂ ಮಾರುವವರೂ ಒಂದೇ ಸಂತೆಯಲ್ಲಿ ಸೇರುತ್ತಾರೆ. ಅದಕ್ಕೆ ಮುಂಚೆ ಸಿಂಧನೂರು, ಲಿಂಗಸುಗೂರು, ಮಸ್ಕಿಯ ನಮ್ಮ ಕಾರ್ಯಕರ್ತರು ಸಂತೆಯ ದಿನ ಒಂದೊಂದು ಮುದ್ರೆ ಹಾಕಿಸಿದ ತಕ್ಕಡಿ ಇಟ್ಟುಕೊಂಡು ಕೂಡಬೇಕೆಂದು ನಾವು ಕೇಳಿಕೊಳ್ಳುತ್ತೇವೆ. ಮಾರುವ ಮೊದಲು ಯಾರು ಬೇಕಾದರೂ ಅಲ್ಲಿ ತೂಗಿಸಿಕೊಂಡು, ಕಂಚೋ ಹಿತ್ತಾಳೆಯೋ ಕೇಳಿಕೊಂಡು ಹೋಗಲಿ. ಅಂಗಡಿಯ ತೂಕಕ್ಕೂ ನಮ್ಮ ತೂಕಕ್ಕೂ ಬಂದ ವ್ಯತ್ಯಾಸವನ್ನು ಸಂತೆವಾರು ಬರೆದು ಕಳಿಸಿರಿ. ಹೆಸರುಗಳನ್ನು ಬಿಟ್ಟು, ಗ್ರಾಮುಗಳನ್ನು ನಾವು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.