ಲ್ಯಾಬಿಗೆ ಸ್ವಂತ ಲಾಗಿನ್ ಬೇಡ ಎನ್ನುವವರಿಗೆ

ನಮ್ಮ ವಿಶ್ವವಿದ್ಯಾಲಯದ ಕಂಪ್ಯೂಟರ್ ಲ್ಯಾಬ್‌ಗಳನ್ನು ಸುಧಾರಿಸಬೇಕು, ಪ್ರತಿ ವಿದ್ಯಾರ್ಥಿಗೂ ಅವರದೇ ಲಾಗಿನ್ ಕೊಡಬೇಕು ಎಂಬ ಪ್ರಸ್ತಾವಕ್ಕೆ ಎಲ್ಲ ದಿಕ್ಕಿನಿಂದಲೂ ವಿರೋಧ ಬಂದಿದೆ. ವಿರೋಧಿಸಿದವರಲ್ಲಿ ಹಿರಿಯ ಪ್ರಾಧ್ಯಾಪಕರಿದ್ದಾರೆ, ಸಂಶೋಧನಾ ವಿದ್ಯಾರ್ಥಿಗಳಿದ್ದಾರೆ, ಹಣಕಾಸು ವಿಭಾಗದವರೂ ಇದ್ದಾರೆ. ಪ್ರಸ್ತಾವ ಬರೆದವರಲ್ಲಿ ನಾನೂ ಒಬ್ಬ. ಆದ್ದರಿಂದ ಎದ್ದಿರುವ ಪ್ರಶ್ನೆಗಳಿಗೆ ಉತ್ತರಿಸುವುದು ನನ್ನ ಕೆಲಸ. ಎಲ್ಲ ಆಕ್ಷೇಪಣೆಗಳ ತೂಕ ಒಂದೇ ಅಲ್ಲ. ಕೆಲವಕ್ಕೆ ನಾಲ್ಕು ಮಾತು ಸಾಕು, ಒಂದೆರಡರ ಬಗ್ಗೆ ವಿವರವಾಗಿಯೇ ಹೇಳಬೇಕಿದೆ.

'ಈಗ ಎಲ್ಲರ ಕೈಯಲ್ಲೂ ಮೊಬೈಲಿದೆ, ಲ್ಯಾಬ್ ಯಾಕೆ?' ಎಂಬುದು ಮೊದಲ ಪ್ರಶ್ನೆ. ಮೊಬೈಲಿನಲ್ಲಿ ಪಾಠ ಕೇಳಬಹುದು, ನೋಟ್ಸ್ ಓದಬಹುದು, ಶುಲ್ಕ ಕಟ್ಟಬಹುದು. ಭೂಗೋಳದ ವಿದ್ಯಾರ್ಥಿ ಕ್ಯೂಜಿಐಎಸ್‌ನಲ್ಲಿ ತನ್ನ ತಾಲ್ಲೂಕಿನ ನಕ್ಷೆ ಬಿಡಿಸಲು, ಸಂಖ್ಯಾಶಾಸ್ತ್ರದ ವಿದ್ಯಾರ್ಥಿನಿ ಆರ್‌ನಲ್ಲಿ ದತ್ತಾಂಶ ವಿಶ್ಲೇಷಿಸಲು, ಎಂ.ಎ. ಓದುವವರು ಎಂಬತ್ತು ಪುಟದ ಕಿರುಪ್ರಬಂಧವನ್ನು ಅಡಿಟಿಪ್ಪಣಿ ಸಮೇತ ಟೈಪ್ ಮಾಡಲು ಅಂಗೈಯಗಲದ ಪರದೆ ಸಾಲುವುದಿಲ್ಲ. ಲ್ಯಾಪ್‌ಟಾಪ್ ಇದ್ದವರು ಲ್ಯಾಬಿಗೆ ಬರುವುದು ಕಡಿಮೆ, ಅದು ನಿಜ. ಸಂಜೆ ನಾಲ್ಕರ ನಂತರ ಬಂದು ನೋಡಿ, ಆಗ ಕೂತಿರುವವರು ಹೆಚ್ಚಿನಂಶ ಹಾಸ್ಟೆಲಿನ ಮಕ್ಕಳು. ಅವರಿಗೆ ಸಿಗುವ ಕಂಪ್ಯೂಟರ್ ಇದೊಂದೇ. ನಮ್ಮ ಪ್ರಸ್ತಾವ ಮುಖ್ಯವಾಗಿ ಅವರಿಗಾಗಿಯೇ ಇದೆ.

'ಹಳೆಯ ಯಂತ್ರಗಳು ಇನ್ನೂ ನಡೆಯುತ್ತಿವೆ' ಎಂದು ಹಣಕಾಸು ವಿಭಾಗದವರು ಬರೆದಿದ್ದಾರೆ. ಸ್ವಿಚ್ ಹಾಕಿದರೆ ದೀಪ ಹತ್ತುತ್ತದೆ ಎಂಬಷ್ಟೇ ಅರ್ಥದಲ್ಲಿ ಆ ಮಾತು ಸರಿ. ನಮ್ಮ ಬಹುಪಾಲು ಯಂತ್ರಗಳಲ್ಲಿರುವುದು ವಿಂಡೋಸ್ 10. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲ ನಿಲ್ಲಿಸಿತು. ಅಂದಿನಿಂದ ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳಿಗೆ ಉಚಿತ ತೇಪೆ ಬರುವ ಖಾತರಿಯಿಲ್ಲ. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ನಮ್ಮ ಲ್ಯಾಬಿನ ಹೆಚ್ಚಿನ ಪೆಟ್ಟಿಗೆಗಳಲ್ಲಿರುವುದು ನಾಲ್ಕನೇ ತಲೆಮಾರಿನದು.

ಇದಕ್ಕೆ ಅವರು ಕೊಟ್ಟಿರುವ ಮರುವಾದ ಗಟ್ಟಿಯಾಗಿಯೇ ಇದೆ. ಶಿಕ್ಷಣ ಸಂಸ್ಥೆಗಳು ಯಂತ್ರವೊಂದಕ್ಕೆ ಮೊದಲ ವರ್ಷ 1 ಡಾಲರ್, ಎರಡನೇ ವರ್ಷ 2, ಮೂರನೇ ವರ್ಷ 4 ಡಾಲರ್ ಕಟ್ಟಿದರೆ ಭದ್ರತಾ ತೇಪೆಗಳು ಮುಂದುವರಿಯುತ್ತವೆ. ಅದನ್ನು ನಾವೂ ಕೊಳ್ಳೋಣ ಎಂದೇ ಹೇಳುತ್ತೇನೆ. ಆದರೆ ಅದರ ಅವಧಿ 2028ರ ಅಕ್ಟೋಬರಿಗೆ ಮುಗಿಯುತ್ತದೆ, ಆಮೇಲೆ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಟೆಂಡರ್ ಕರೆದು, ಒಪ್ಪಿಗೆ ಪಡೆದು, ಯಂತ್ರ ಬಂದು ಕೂರುವ ಹೊತ್ತಿಗೆ ನಮ್ಮಲ್ಲಿ ಎಷ್ಟು ಕಾಲ ಹಿಡಿಯುತ್ತದೆ ಎನ್ನುವುದು ಹಣಕಾಸು ವಿಭಾಗಕ್ಕೆ ನನಗಿಂತ ಚೆನ್ನಾಗಿ ಗೊತ್ತು. ಆ ಮೂರು ವರ್ಷಗಳನ್ನು ಸಿದ್ಧತೆಗೆ ಬಳಸಿಕೊಳ್ಳಬೇಕು. ಪ್ರಸ್ತಾವವನ್ನು ಮುಂದೂಡಲು ಅದು ಕಾರಣವಾಗಬಾರದು.

ಇನ್ನೊಂದು ತಪ್ಪು ತಿಳಿವಳಿಕೆಯೂ ಹರಡಿದೆ. ಎಲ್ಲ ಯಂತ್ರಗಳನ್ನೂ ಗುಜರಿಗೆ ಹಾಕಿ ಹೊಸತು ತನ್ನಿ ಎಂದು ನಾವು ಕೇಳಿಲ್ಲ. ಅರ್ಧದಷ್ಟು ಯಂತ್ರಗಳಲ್ಲಿ ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂರಿಸಿ, ರ್‍ಯಾಮ್ 8 ಜಿಬಿಗೆ ಏರಿಸಿ, ಗ್ನು/ಲಿನಕ್ಸ್ ಹಾಕಿದರೆ ಇನ್ನೂ ಹಲವು ವರ್ಷ ಬಾಳುತ್ತವೆ. ಈಗ ಏನಾಗುತ್ತಿದೆ ಎಂದರೆ, ಎರಡು ಗಂಟೆಯ ಪ್ರಾಯೋಗಿಕ ತರಗತಿಗೆ ಬಂದ ಮಕ್ಕಳು ಯಂತ್ರ ಆನ್ ಮಾಡಿ ಕೈಕಟ್ಟಿ ಕೂರುತ್ತಾರೆ. ಡೆಸ್ಕ್‌ಟಾಪ್ ಬಂದ ಮೇಲೂ ಡಿಸ್ಕ್ ಗರಗರ ಎನ್ನುತ್ತಲೇ ಇರುತ್ತದೆ, ಮೌಸ್ ಅಲುಗಾಡಿಸಿದರೆ ಬಾಣ ನಿಂತಲ್ಲೇ ನಿಂತಿರುತ್ತದೆ. ಆ ಬ್ಯಾಚಿನ ಕೊನೆಯ ಪ್ರಯೋಗ ಪ್ರತಿಸಲವೂ 'ಮನೆಯಲ್ಲಿ ಮಾಡಿಕೊಳ್ಳಿ' ಎಂದು ಉಳಿದುಹೋಗುತ್ತದೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಅದನ್ನು ಎಲ್ಲಿ ಮಾಡಬೇಕು?

ಇನ್ನು ಎಲ್ಲಕ್ಕಿಂತ ಬಿಸಿಯಾದ ಆಕ್ಷೇಪಣೆ. 'ಸ್ವಂತ ಲಾಗಿನ್ ಎಂದರೆ ಕಣ್ಗಾವಲು. ಯಾರು ಯಾವಾಗ ಏನು ನೋಡಿದರು ಎಂದು ಆಡಳಿತ ಲೆಕ್ಕ ಇಡುತ್ತದೆ.' ಸಂಶೋಧನಾ ವಿದ್ಯಾರ್ಥಿಗಳು ಎತ್ತಿರುವ ಈ ಮಾತಿನ ಹಿಂದಿನ ಭಯ ಸುಳ್ಳಲ್ಲ, ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಈಗ ಇರುವ ವ್ಯವಸ್ಥೆ ಅವರನ್ನು ಕಾಪಾಡುತ್ತಿದೆ ಎಂಬ ನಂಬಿಕೆಯನ್ನು ಒಪ್ಪಲಾರೆ.

ಈಗಿನ ವ್ಯವಸ್ಥೆ ಹೇಗಿದೆ? ಮಾನಿಟರಿನ ಅಂಚಿಗೆ ಸೆಲ್ಲೋ ಟೇಪಿನಲ್ಲಿ ಅಂಟಿಸಿದ ಚೀಟಿ ಇರುತ್ತದೆ. ಅದರಲ್ಲಿ ಎಲ್ಲರಿಗೂ ಒಂದೇ ಯೂಸರ್ ಹೆಸರು, ಒಂದೇ ಪಾಸ್‌ವರ್ಡ್. ಯಾವುದೇ ಯಂತ್ರದ ಡೌನ್‌ಲೋಡ್ ಫೋಲ್ಡರ್ ತೆರೆಯಿರಿ. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ತಿಂಗಳುಗಳಲ್ಲಂತೂ ಅದು ತುಂಬಿ ತುಳುಕುತ್ತಿರುತ್ತದೆ. ಜಾತಿ-ಆದಾಯ ಪ್ರಮಾಣಪತ್ರ, ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಅಂಕಪಟ್ಟಿ, ತಂದೆಯ ಸಹಿಯ ಫೋಟೋ, ಎಲ್ಲವೂ ಅಲ್ಲೇ ಬಿದ್ದಿರುತ್ತವೆ. ಯಾರದೋ ಮನೆಯ ವರಮಾನ, ಯಾರದೋ ಜಾತಿ, ಯಾರದೋ ಖಾತೆ ಸಂಖ್ಯೆ ಮುಂದೆ ಬಂದು ಕೂತ ಅಪರಿಚಿತನ ಒಂದು ಕ್ಲಿಕ್ಕಿನ ದೂರದಲ್ಲಿದೆ. ಬ್ರೌಸರ್ ತೆರೆದರೆ ಹಿಂದಿನವರ ಈಮೇಲ್ ಹಾಗೆಯೇ ತೆರೆದುಕೊಳ್ಳುವುದೂ ಅಪರೂಪವಲ್ಲ.

ಬಾಗಿಲ ಬಳಿಯ ಮೇಜಿನ ಮೇಲೆ ದಪ್ಪ ರಟ್ಟಿನ ರಿಜಿಸ್ಟರ್ ಇದೆ. ಹೆಸರು, ರಿಜಿಸ್ಟರ್ ನಂಬರ್, ಮೊಬೈಲ್ ನಂಬರ್, ಬಂದ ಸಮಯ, ಹೋದ ಸಮಯ, ಸಹಿ. ಅದು ದಿನವಿಡೀ ತೆರೆದೇ ಇರುತ್ತದೆ. ಅದರಿಂದ ನಂಬರ್ ನೋಡಿಕೊಂಡು ಹೋದವರಿಂದ ಕರೆ ಬಂದಿತು ಎಂದು ವಿದ್ಯಾರ್ಥಿನಿಯರು ದೂರು ಹೇಳಿಕೊಂಡಿದ್ದಾರೆ. ಈಗ ಹಲವರು ತಪ್ಪು ನಂಬರ್ ಬರೆಯುತ್ತಾರೆ. ಅವರನ್ನು ತಪ್ಪು ಎನ್ನಲಾರೆ. ಕಣ್ಗಾವಲಿಗೆ ಹೆದರುವವರು ಮೊದಲು ಮುಚ್ಚಿಸಬೇಕಾದದ್ದು ಈ ಪುಸ್ತಕವನ್ನು.

ಸ್ವಂತ ಲಾಗಿನ್ ಬಂದರೆ ದಾಖಲಾಗುವುದು ಯಾರು, ಯಾವ ಯಂತ್ರದಲ್ಲಿ, ಎಷ್ಟು ಗಂಟೆಗೆ ಕೂತು ಎಷ್ಟು ಗಂಟೆಗೆ ಎದ್ದರು ಎಂಬಷ್ಟೇ. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಕಾದಿಡಬೇಕು, ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ನಾಳೆ ಲ್ಯಾಬಿನ ಯಂತ್ರದಿಂದ ಯಾರಿಗೋ ಬೆದರಿಕೆ ಮೇಲ್ ಹೋಗಿ ಪೊಲೀಸರು ಬಂದರೆ, ಹಂಚಿಕೊಂಡ ಪಾಸ್‌ವರ್ಡಿನ ಲ್ಯಾಬಿನಲ್ಲಿ ಆ ಹೊತ್ತಿಗೆ ಕೂತಿದ್ದ ಎಲ್ಲರೂ ಶಂಕಿತರು. ಆಗ ತಾನು ನಿರಪರಾಧಿ ಎಂದು ತೋರಿಸಲು ವಿದ್ಯಾರ್ಥಿಯ ಬಳಿ ಏನೂ ಇರುವುದಿಲ್ಲ.

ಆದರೂ ಸಂಶೋಧನಾ ವಿದ್ಯಾರ್ಥಿಗಳ ಒಂದು ಬೇಡಿಕೆಗೆ ನನ್ನ ಪೂರ್ಣ ಬೆಂಬಲವಿದೆ. ನಿಯಮ ಲಿಖಿತವಾಗಿರಬೇಕು. ಲಾಗ್ 180 ದಿನಕ್ಕೆ ಅಳಿಯಬೇಕು. ಯಾರಾದರೂ ಅದನ್ನು ನೋಡಬೇಕಾದರೆ ಕುಲಸಚಿವರ ಲಿಖಿತ ಆದೇಶ ಇರಬೇಕು. ವಿದ್ಯಾರ್ಥಿಯ ಫೋಲ್ಡರನ್ನು ಲ್ಯಾಬ್ ಸಿಬ್ಬಂದಿ ತೆರೆಯುವಂತಿಲ್ಲ. ಹಾಜರಾತಿಗೂ ಶಿಸ್ತುಕ್ರಮಕ್ಕೂ ಈ ದಾಖಲೆ ಬಳಸುವಂತಿಲ್ಲ. ಈ ನಿಯಮಗಳ ಕರಡು ಸಮಿತಿಯಲ್ಲಿ ಅವರದೇ ಪ್ರತಿನಿಧಿ ಇರಲಿ.

'ಹಳ್ಳಿಯಿಂದ ಬಂದ ಮಕ್ಕಳು ಪಾಸ್‌ವರ್ಡ್ ಮರೆಯುತ್ತಾರೆ' ಎಂಬ ಮಾತು ನನಗೆ ನೋವು ತಂದಿತು. ಈ ಮಕ್ಕಳೇ ಪ್ರವೇಶಕ್ಕೆ, ಪರೀಕ್ಷಾ ಶುಲ್ಕಕ್ಕೆ, ವಿದ್ಯಾರ್ಥಿವೇತನಕ್ಕೆ ಬೇರೆ ಬೇರೆ ಪೋರ್ಟಲ್‌ಗಳಲ್ಲಿ ಲಾಗಿನ್ ಆಗುತ್ತಾರೆ, ಮನೆಯವರ ಬ್ಯಾಂಕ್ ಆ್ಯಪ್ ನಡೆಸುವವರೂ ಅವರೇ. ಮರೆವು ಹುಟ್ಟುವುದು ನಮ್ಮ ನಿಯಮಗಳಿಂದ. ಪ್ರತಿ ತೊಂಬತ್ತು ದಿನಕ್ಕೆ ಬದಲಿಸಿ, ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ ಸೇರಿಸಿ ಎಂದರೆ ಯಾರಾದರೂ ಚೀಟಿಯಲ್ಲಿ ಬರೆದಿಡುತ್ತಾರೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರ ಮಾರ್ಗಸೂಚಿಯಲ್ಲೇ ಈ ಎರಡೂ ಪದ್ಧತಿಗಳನ್ನು ಕೈಬಿಡಲು ಹೇಳಿತು. ಪಾಸ್‌ವರ್ಡ್ ಉದ್ದವಿರಲಿ, ಸೋರಿದ ಸುಳಿವು ಸಿಕ್ಕಾಗ ಮಾತ್ರ ಬದಲಿಸಲಿ ಎಂಬುದು ಅದರ ಸಾರ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಕೀಲಿಗಳಲ್ಲಿ ಸಾಲಾಗಿ ಒತ್ತಿದರೆ ಸಾಕು, ನೆನಪೂ ಇರುತ್ತದೆ, ಊಹಿಸುವುದೂ ಕಷ್ಟ. ಜನ್ಮದಿನಾಂಕವನ್ನೇ ಮೊದಲ ಪಾಸ್‌ವರ್ಡ್ ಮಾಡಿಕೊಡುವ ಪದ್ಧತಿ ಮಾತ್ರ ಖಂಡಿತ ಬೇಡ, ಅದು ತರಗತಿಗೆಲ್ಲ ಗೊತ್ತಿರುತ್ತದೆ. ಮರೆತವರು ಗುರುತಿನ ಚೀಟಿ ತೋರಿಸಿದರೆ ಲ್ಯಾಬಿನಲ್ಲೇ ಹೊಸದು ಸಿಗಬೇಕು. ಒಟಿಪಿಯೊಂದನ್ನೇ ನಂಬಿದರೆ ಆಗದು, ಪ್ರವೇಶದ ಹೊತ್ತಿಗೆ ಅಣ್ಣನ ನಂಬರ್ ಕೊಟ್ಟವರು ನಮ್ಮಲ್ಲಿ ಬಹಳ ಮಂದಿ.

ಲ್ಯಾಬಿನ ಲಾಗಿನ್ನೇ ಗ್ರಂಥಾಲಯ, ವೈಫೈಗಳಿಗೂ ಸಲ್ಲಬೇಕು ಎಂಬುದು ನಮ್ಮ ಪ್ರಸ್ತಾವ. 'ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಆದರೆ ಅದು ಸೋರಿದಾಗ ಎಲ್ಲವೂ ಹೋಗುತ್ತದೆ' ಎಂದಿದ್ದಾರೆ ಭೌತಶಾಸ್ತ್ರದ ಸಹೋದ್ಯೋಗಿಯೊಬ್ಬರು. ಗ್ರಂಥಾಲಯಕ್ಕೆ, ವೈಫೈಗೆ, ಮೂಡಲ್‌ಗೆ ಬೇರೆ ಬೇರೆ ಖಾತೆ ಕೊಟ್ಟರೂ ಜನ ಎಲ್ಲೆಡೆ ಒಂದೇ ಪಾಸ್‌ವರ್ಡ್ ಇಡುತ್ತಾರೆ. ಆಗ ಅತ್ಯಂತ ದುರ್ಬಲ ಸರ್ವರಿನಿಂದ ಸೋರಿದ್ದು ಉಳಿದೆಲ್ಲವನ್ನೂ ತೆರೆಯುತ್ತದೆ. ಕೇಂದ್ರೀಕೃತ ಲಾಗಿನ್‌ನಲ್ಲಿ ಪಾಸ್‌ವರ್ಡ್ ಪರಿಶೀಲಿಸುವುದು ಒಂದೇ ಕಡೆ. ಇದು ಹೊಸ ವಿದ್ಯೆಯಲ್ಲ. ಅಮೆರಿಕದ ಎಂಐಟಿ 1983ರಲ್ಲಿ ಶುರುಮಾಡಿದ ಅಥೇನಾ ಯೋಜನೆ ಕ್ಯಾಂಪಸ್ಸಿನ ಯಾವ ಯಂತ್ರದ ಮುಂದೆ ಕೂತರೂ ವಿದ್ಯಾರ್ಥಿಗೆ ತನ್ನದೇ ಕಡತಗಳು ಸಿಗಬೇಕು ಎಂದು ಹೊರಟಿತು. ಅದರಿಂದಲೇ ಹುಟ್ಟಿದ್ದು ಕೆರ್ಬರೋಸ್. ಅದರಲ್ಲಿ ಪಾಸ್‌ವರ್ಡ್ ಜಾಲದ ಮೇಲೆ ಹಾಯುವುದೇ ಇಲ್ಲ, ಕೆಲವೇ ಗಂಟೆ ಬಾಳುವ ಟಿಕೆಟ್ ಮಾತ್ರ ಓಡಾಡುತ್ತದೆ. ಇವತ್ತಿಗೂ ವಿಂಡೋಸ್ ಡೊಮೈನ್ ಲಾಗಿನ್, ಉಚಿತವಾಗಿ ಸಿಗುವ ಫ್ರೀಐಪಿಎ ಎರಡೂ ಅದನ್ನೇ ನಂಬಿವೆ. ಅಂಕ ನಮೂದಿಸುವ ಸಿಬ್ಬಂದಿಗೆ ಪಾಸ್‌ವರ್ಡಿನ ಜೊತೆ ಎರಡನೆಯ ದೃಢೀಕರಣವೂ ಬೇಕು ಎಂಬ ಆ ಸಹೋದ್ಯೋಗಿಯ ಸಲಹೆಯನ್ನು ಸೇರಿಸಿಕೊಂಡಿದ್ದೇವೆ.

ಸ್ವಂತ ಲಾಗಿನ್ನಿಂದ ಲ್ಯಾಬಿನಾಚೆಗೂ ಲಾಭವಿದೆ. 2025ರ ಜನವರಿ 1ರಿಂದ ಜಾರಿಯಲ್ಲಿರುವ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಸಿಗುತ್ತಿವೆ. ಕ್ಯಾಂಪಸ್ಸಿನ ಹೊರಗಿನಿಂದ ಇಂಥ ಸಂಪನ್ಮೂಲ ಓದಲು ಇನ್‌ಫ್ಲಿಬ್‌ನೆಟ್‌ನ ಇನ್‌ಫೆಡ್ ವ್ಯವಸ್ಥೆ ಇದೆ. ಅದಕ್ಕೆ ಈತ ನಮ್ಮ ವಿದ್ಯಾರ್ಥಿ ಎಂದು ವಿಶ್ವವಿದ್ಯಾಲಯ ದೃಢೀಕರಿಸಬೇಕು. ರಜೆಯಲ್ಲಿ ಊರಿಗೆ ಹೋದ ಸಂಶೋಧಕಿಗೆ ಒಂದು ಲೇಖನ ಸಿಗಬೇಕಾದರೂ ಬೇಕಿರುವುದು ಇದೇ ಖಾತೆ.

'ಗೂಗಲ್ ಪುಕ್ಕಟೆ ಕೊಡುತ್ತದಲ್ಲ?' ಎಂಬುದಕ್ಕೆ ಉತ್ತರ ಚಿಕ್ಕದು. ಶಿಕ್ಷಣ ಸಂಸ್ಥೆಗಳಿಗೆ ಮಿತಿಯಿಲ್ಲದ ಸಂಗ್ರಹ ಕೊಡುತ್ತಿದ್ದ ಗೂಗಲ್, 2021ರಲ್ಲಿ ಇಡೀ ಸಂಸ್ಥೆಗೆ 100 ಟಿಬಿ ಎಂಬ ಮಿತಿ ಘೋಷಿಸಿತು. 20,000 ವಿದ್ಯಾರ್ಥಿಗಳಿದ್ದರೆ ತಲೆಗೆ 5 ಜಿಬಿ. ಸೇವೆ ಬಳಸೋಣ, ಆದರೆ ನಮ್ಮ ವಿದ್ಯಾರ್ಥಿಗಳು ಯಾರು ಎಂಬ ಪಟ್ಟಿ ನಮ್ಮ ಸರ್ವರಿನಲ್ಲೇ ಇರಲಿ.

ಕನ್ನಡ ವಿಭಾಗದವರ ಆತಂಕ ನ್ಯಾಯವಾದದ್ದು: ಲಿನಕ್ಸ್ ಬಂದರೆ ನುಡಿ ತಂತ್ರಾಂಶದಲ್ಲಿ ಬರೆದ ಹಳೆಯ ಪ್ರಬಂಧಗಳ ಗತಿಯೇನು? ಯುನಿಕೋಡ್ ಅಲ್ಲದ ಹಳೆಯ ಕಡತಗಳಿಗಾಗಿ ಪ್ರತಿ ಲ್ಯಾಬಿನಲ್ಲೂ ಕೆಲವು ವಿಂಡೋಸ್ ಯಂತ್ರಗಳು ಉಳಿಯುತ್ತವೆ, ಅವನ್ನು ಯುನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳೂ ಇವೆ. ಬೆರಳಿಗೆ ರೂಢಿಯಾದ ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲೂ ಸಿಗುತ್ತದೆ. ಹೊಸ ಬರವಣಿಗೆ ಯುನಿಕೋಡಿನಲ್ಲೇ ಆಗಬೇಕು. ಹಳೆಯ ಸಂಕೇತದಲ್ಲಿರುವ ಪ್ರಬಂಧ ಅಂತರ್ಜಾಲಕ್ಕೇರಿದರೂ ಹುಡುಕಿದವರಿಗೆ ಸಿಗುವುದಿಲ್ಲ, ವರ್ಷಗಟ್ಟಲೆ ದುಡಿದು ಬರೆದದ್ದನ್ನು ಯಾರೂ ಓದದ ಹಾಗಾಗುತ್ತದೆ. ಲಿನಕ್ಸ್ ಯಾರಿಗೂ ಬರುವುದಿಲ್ಲ ಎನ್ನುವವರು ಪಕ್ಕದ ಕೇರಳದತ್ತ ನೋಡಲಿ. ಅಲ್ಲಿನ ಶಾಲಾಮಕ್ಕಳು ಎಷ್ಟೋ ವರ್ಷಗಳಿಂದ ಐಟಿ ಪಾಠ ಕಲಿಯುತ್ತಿರುವುದು ಅದರ ಮೇಲೆಯೇ.

ಕೊನೆಯ ಆಕ್ಷೇಪಣೆ ಎತ್ತಿದವರು ಲ್ಯಾಬ್ ಸಹಾಯಕರು. 'ಸರ್ವರ್ ತಂದು ಕೂರಿಸುತ್ತೀರಿ, ನೋಡಿಕೊಳ್ಳುವವರು ಯಾರು?' ಇದಕ್ಕೆ ನನ್ನ ಬಳಿ ಎದುರುತ್ತರವಿಲ್ಲ, ಏಕೆಂದರೆ ಅವರು ಹೇಳುವುದು ಪೂರ್ತಿ ಸರಿ. ಹೊರಗುತ್ತಿಗೆಯಲ್ಲಿ, ವೇತನ ಯಾವ ತಿಂಗಳು ಬರುತ್ತದೆಂದು ತಿಳಿಯದೆ ದುಡಿಯುವವರ ಮೇಲೆ ಸಾವಿರಾರು ಖಾತೆಗಳ ಹೊಣೆ ಹೊರಿಸುವುದು ಅನ್ಯಾಯ. ಬ್ಯಾಕಪ್ ತೆಗೆಯುವುದು, ತೇಪೆ ಹಾಕುವುದು, ಕೋರ್ಸ್ ಮುಗಿಸಿದವರ ಖಾತೆ ಮುಚ್ಚುವುದು ದಿನನಿತ್ಯದ ಕೆಲಸ. ಎರಡು ಕಾಯಂ ಸಿಸ್ಟಂ ಅಡ್ಮಿನಿಸ್ಟ್ರೇಟರ್ ಹುದ್ದೆಗಳು ಮಂಜೂರಾಗುವವರೆಗೆ ಸರ್ವರ್ ಖರೀದಿಗೆ ಹಣ ಬಿಡುಗಡೆ ಮಾಡಬಾರದು ಎಂಬ ಷರತ್ತನ್ನು ಪರಿಷ್ಕೃತ ಪ್ರಸ್ತಾವದಲ್ಲಿ ಸೇರಿಸಿದ್ದೇವೆ. ಮುಂದಿನ ಸಿಂಡಿಕೇಟ್ ಸಭೆಯಲ್ಲಿ ಆ ಷರತ್ತನ್ನು ತೆಗೆದುಹಾಕಿ ಎಂದು ಯಾರಾದರೂ ಸೂಚಿಸಿದರೆ, ಲ್ಯಾಬ್ ಸಹಾಯಕರ ಜೊತೆ ನಿಂತು ಈ ಪ್ರಸ್ತಾವವನ್ನು ನಾನೇ ವಿರೋಧಿಸುತ್ತೇನೆ.