‘ಕೂತಿತಲ್ಲ, ಸಾಕು ಬಿಡು!’

ನಮ್ಮ ದೊಡ್ಡಪ್ಪನ ಎಡಗೈ ಹೆಬ್ಬೆರಳಿನ ಬುಡದಲ್ಲಿ ಒಂದು ಉದ್ದನೆಯ ಗಾಯದ ಗುರುತಿದೆ. ಕೇಳಿದವರಿಗೆಲ್ಲ ‘ಕೋವಿ ಹಳೇದಾಗಿತ್ತು ಕಣಪ್ಪ’ ಅಂತಾರೆ. ಹದಿನೈದು ವರ್ಷ ನಾನೂ ಅದನ್ನೇ ನಂಬಿಕೊಂಡಿದ್ದೆ. ಈಗ ನಂಬಲ್ಲ. ಕೋವಿ ಹಳೇದು, ನಿಜ. ಆದರೆ ‘ಹಳೇದು’ ಅನ್ನೋದು ಕಾರಣವಲ್ಲ, ನೆಪ.

ನಮ್ಮದು ಕಡೂರು ತಾಲೂಕಿನ ಹಿರೇನಲ್ಲೂರು. ಚಿಕ್ಕಮಗಳೂರು ಜಿಲ್ಲೆ ಅಂದ ಕೂಡಲೇ ಕಾಫಿ, ಮಂಜು, ಹೋಂಸ್ಟೇ ಅಂತ ಕಣ್ಣರಳಿಸಬೇಡಿ. ನಮ್ಮದು ಬಯಲುಸೀಮೆ ಕಡೆ. ತೆಂಗು, ರಾಗಿ, ಜೋಳ. ಜೋಳ ಹಾಲುಗಟ್ಟಿದ ಹೊತ್ತಿಗೆ ಹಂದಿ ಹಿಂಡು ನುಗ್ಗಿದರೆ ಒಂದೇ ರಾತ್ರಿಗೆ ಹೊಲ ಚಾಪೆ ಹಾಸಿದಂಗಾಗುತ್ತೆ. ಅದನ್ನ ಹೆದರಿಸಿ ಓಡಿಸೋಕೆ ಅಂತ ದೊಡ್ಡಪ್ಪನ ಹತ್ರ ಲೈಸೆನ್ಸಿನ ಜೋಡುನಳಿಗೆ ತೋಟಾ ಕೋವಿ ಇತ್ತು. ಹನ್ನೆರಡು ಬೋರಿನದು, ಅವರಪ್ಪನ ಕಾಲದ್ದು.

ಪಕ್ಕದೂರಲ್ಲಿ ಒಬ್ಬರು ಖಾಲಿ ತೋಟಾಗಳಿಗೆ ಮತ್ತೆ ಮದ್ದು, ಚರೆ ತುಂಬಿಕೊಡ್ತಿದ್ರು. ಆ ಖಾಲಿ ತೋಟಾಗಳು 70 ಮಿಲಿಮೀಟರಿನವು. ಕೋವಿಯೊಳಗೆ ತೋಟಾ ಕೂರುವ ಜಾಗ, ಅಂದರೆ ಚೇಂಬರ್, 65ರದು. ಒಂದು ರಾತ್ರಿ ಚೇಂಬರಿನ ಮೇಲೆಯೇ ಸೀಳು ಬಿಟ್ಟಿತು. ಇದೊಂದೇ ಕಾರಣ ಅಂತ ಆಣೆ ಇಟ್ಟು ಹೇಳಲಾರೆ. ಆದರೆ ಆ ಎರಡು ಅಂಕಿಗಳನ್ನ ಒಟ್ಟಿಗೆ ಇಟ್ಟು ನೋಡಿದವರು ಊರಲ್ಲಿ ಒಬ್ಬರೂ ಇರಲಿಲ್ಲ ಅಂತ ಆಣೆ ಇಟ್ಟು ಹೇಳಬಲ್ಲೆ.

‘ಅಲ್ಲಯ್ಯ, ಉದ್ದ ಜಾಸ್ತಿ ಇದ್ರೆ ಒಳಗೆ ಹೋಗೋದೇ ಇಲ್ವಲ್ಲ?’ ಅಂತ ನೀವು ಕೇಳ್ತೀರಿ. ಇಡೀ ಮೋಸ ಇರೋದೇ ಅಲ್ಲಿ. ತೋಟಾದ ಮೇಲೆ ಬರೆದಿರೋ 70 ಅನ್ನೋದು ಹೊಡೆದ ಮೇಲೆ, ಬಾಯಿ ಪೂರ್ತಿ ಬಿಚ್ಚಿಕೊಂಡಾಗಿನ ಉದ್ದ. ಹೊಡೆಯೋ ಮೊದಲು ಬಾಯಿ ಮಡಚಿರುತ್ತೆ, ಅಳತೆ ಕಮ್ಮಿ ಇರುತ್ತೆ. ಹಾಗಾಗಿ 65ರ ಚೇಂಬರಿನೊಳಗೆ ಬೆಣ್ಣೆ ಥರ ಕೂರುತ್ತೆ. ಟ್ರಿಗರ್ ಎಳೆದಾಗ ಮಡಿಕೆ ಬಿಚ್ಚಿಕೊಳ್ಳೋಕೆ ಜಾಗ ಸಾಲಲ್ಲ. ನಳಿಗೆ ಕಿರಿದಾಗುವ ಕಡೆ ಅದು ಚಾಚಿಕೊಂಡು ಚರೆಯ ದಾರಿಯನ್ನೇ ಇಕ್ಕಟ್ಟು ಮಾಡುತ್ತೆ. ಒಳಗಿನ ಒತ್ತಡ ಏರುತ್ತೆ. ಮೊದಲ ಈಡಿಗೇ ಏನೂ ಆಗದೇ ಇರಬಹುದು. ಹತ್ತನೇದಕ್ಕೂ ಆಗದೇ ಇರಬಹುದು. ಅದಕ್ಕೇ ನಮಗೆ ಧೈರ್ಯ ಬರೋದು. ಸಾಫ್ಟ್‌ವೇರಿನವರಿಗೆ ಬಿಡಿಸಿ ಹೇಳಬೇಕಿಲ್ಲ: ಕಂಪೈಲ್ ಆಯ್ತು ಅಂದ್ರೆ ಸರಿಯಾಗಿದೆ ಅಂತಲ್ಲ.

ಈಗ ನಿಮ್ಮ ಸರದಿ. ಬೆಂಗಳೂರಲ್ಲಿ ಶೂಟಿಂಗ್ ರೇಂಜಿಗೆ ಹೋಗೋ ಗೆಳೆಯರು ನನಗೂ ಇದ್ದಾರೆ. ನಾಲ್ಕು ವಿಡಿಯೋ ನೋಡಿ ‘ರೈಫಲ್ ತೋಟಾ ನಾವೇ ತುಂಬ್ಕೋಬಹುದು ಗುರೂ, ಸಿಂಪಲ್ಲು’ ಅಂತಾರೆ. ಮೊದಲನೇದಾಗಿ, ಲೈಸೆನ್ಸಿಲ್ಲದೆ ಮದ್ದುಗುಂಡು ತಯಾರಿಸೋದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಎರಡನೇದಾಗಿ, ಅದು ಸಿಂಪಲ್ಲಲ್ಲ. ಹಿತ್ತಾಳೆಯ ಕೇಸು ಪ್ರತಿ ಸಲ ಹೊಡೆದಾಗಲೂ, ಮತ್ತೆ ಅಚ್ಚಿಗೆ ಹಾಕಿ ಸರಿಮಾಡಿದಾಗಲೂ ಕುತ್ತಿಗೆ ಕಡೆಗೆ ಹರಿದು ಉದ್ದವಾಗುತ್ತಾ ಹೋಗುತ್ತೆ. ಥರ್ಟಿ-ನಾಟ್-ಸಿಕ್ಸ್ ರೈಫಲ್ಲಿನ ಕೇಸಿಗೆ ಗರಿಷ್ಠ ಉದ್ದ 63.35 ಮಿಲಿಮೀಟರು. ಕತ್ತರಿಸಿ ಇಳಿಸಬೇಕಾದ್ದು 63.1ರ ಆಸುಪಾಸಿಗೆ. ನಡುವಿನ ಅಂತರ ಕಾಲು ಮಿಲಿಮೀಟರು! ಅದನ್ನು ಮೀರಿದರೆ ಕೇಸಿನ ಬಾಯಿ ಚೇಂಬರಿನ ತುದಿಗೆ ಸಿಕ್ಕಿಕೊಂಡು ಗುಂಡನ್ನು ಹಿಡಿದುಬಿಡಬಹುದು. ಬಿಟ್ಟು ಹೋಗಬೇಕಾದ ಗುಂಡು ಬಿಡಲ್ಲ, ಒತ್ತಡ ಮಾತ್ರ ಏರ್ತಾ ಇರುತ್ತೆ.

ಇನ್ನು ಗುಂಡು ಕೂರಿಸಿದ ಮೇಲಿನ ಒಟ್ಟು ಉದ್ದ. ಇದೇ ರೈಫಲ್ಲಿಗೆ ಗರಿಷ್ಠ 84.84. ಜಾಸ್ತಿ ಆದರೆ ಮ್ಯಾಗಜೀನಿಗೆ ಹೋಗಲ್ಲ, ಅಥವಾ ಗುಂಡು ಮೊದಲೇ ನಳಿಗೆಯ ತಿರುಪುಗೆರೆಗೆ ಒತ್ತಿಕೊಂಡು ಕೂತು ಒತ್ತಡ ಏರಿಸುತ್ತೆ. ‘ಹಂಗಾದ್ರೆ ಇನ್ನೊಂಚೂರು ಒಳಗೆ ತಳ್ಳಿದ್ರಾಯ್ತು’ ಅಂದ್ರಾ? ಒಳಗಿನ ಜಾಗ ಕಮ್ಮಿಯಾಗಿ ಆಗಲೂ ಒತ್ತಡ ಏರಬಹುದು. ಗುಂಡಿನ ಚೂಪು ತುದಿಯನ್ನೂ ನಂಬೋ ಹಾಗಿಲ್ಲ, ಒಂದೇ ಡಬ್ಬಿಯ ಗುಂಡುಗಳಲ್ಲೇ ಅದು ಹೆಚ್ಚುಕಮ್ಮಿ ಇರುತ್ತೆ. ಗೊತ್ತಿದ್ದವರು ಗುಂಡಿನ ಹೊಟ್ಟೆಯ ತಿರುವಿನಿಂದ ಅಳೀತಾರೆ. ಅದೂ ತಮ್ಮ ರೈಫಲ್ಲಿನಲ್ಲೇ, ಮದ್ದು ಕೇಪು ಇಲ್ಲದ ಖಾಲಿ ಕೇಸಿಗೆ ಗುಂಡು ಸಡಿಲವಾಗಿ ಸಿಕ್ಕಿಸಿ, ಬೋಲ್ಟ್ ಮೆಲ್ಲಗೆ ಮುಚ್ಚಿ ತೆಗೆದು ನೋಡ್ತಾರೆ. ಗೆಳೆಯನ ರೈಫಲ್ಲಿನ ಅಳತೆ ನಿಮ್ಮದಕ್ಕೆ ಆಗಲ್ಲ. ಎರಡು ಕಡೆಯೂ ಪ್ರಪಾತ ಇರೋ ದಾರಿ ಇದು.

‘ನಮ್ಮಜ್ಜಂದಿರು ವರ್ನಿಯರ್ ಹಿಡ್ಕೊಂಡು ಕೂತಿದ್ರಾ?’ ಅನ್ನೋ ವಾದ ಊರಲ್ಲೂ ಇದೆ, ನಿಮ್ಮಲ್ಲೂ ಇದೆ. ಅಜ್ಜಂದಿರ ಕೈಲಿದ್ದದ್ದು ಕೇಪಿನ ಕೋವಿ ಸ್ವಾಮಿ. ಬಾಯಿಂದ ಮದ್ದು ಸುರಿದು ಗಜದಲ್ಲಿ ಜಡಿಯೋದು. ಅದಕ್ಕೆ ಕೇಸೇ ಇಲ್ಲ, ಇನ್ನು ಅದರ ಉದ್ದ ಎಲ್ಲಿಂದ ಬರಬೇಕು? ಅದರ ಹದ ಕೈಗೆ ಗೊತ್ತಿತ್ತು. ತೋಟಾ ಕೋವಿ ಬಂದಾಗ ಹದ ಕೈಯಿಂದ ಅಳತೆಗೋಲಿಗೆ ಹೋಯ್ತು. ನಾವು ಕೋವಿ ಬದಲಾಯಿಸಿದೆವು, ಅಭ್ಯಾಸ ಬದಲಾಯಿಸಲಿಲ್ಲ. ಅಂದಾಜನ್ನೇ ಅನುಭವ ಅಂತ ಕರೆದೆವು.

‘ಹಾಗಾದ್ರೆ ಎಲ್ಲಾ ಕೋವಿನೂ ಕಿತ್ಕೊಳ್ಳಿ’ ಅನ್ನೋ ಅಪಾರ್ಟ್‌ಮೆಂಟ್ ಪರಿಹಾರವೂ ಬೇಡ. ಒಂದು ರಾತ್ರಿ ನಮ್ಮ ಹೊಲದ ಅಟ್ಟಣೆಯಲ್ಲಿ ಕೂತು ನೋಡಿ, ಆಮೇಲೆ ಮಾತಾಡೋಣ.

ನನ್ನ ಸಿಟ್ಟು ಬೇರೆ ಕಡೆಗಿದೆ. ದೊಡ್ಡಪ್ಪನ ಜೊತೆ ಲೈಸೆನ್ಸ್ ನವೀಕರಣಕ್ಕೆ ನಾನೂ ಹೋಗಿದ್ದೆ. ಕೋವಿ ನಂಬರು ನೋಡಿದರು, ಫೋಟೋ ನೋಡಿದರು, ಮೊಹರು ಒತ್ತಿದರು. ಚೇಂಬರ್ ಎಷ್ಟುದ್ದ ಅಂತ ಕೇಳಲಿಲ್ಲ. ತೋಟಾ ಮಾರಿದವರೂ ಕೇಳಲಿಲ್ಲ. ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಿ ಅಂತಾರೆ, ಮುಗಿದ ಮೇಲೆ ಹಾಗೇ ವಾಪಸ್ ಕೊಡ್ತಾರೆ. 2019ರ ತಿದ್ದುಪಡಿ ಒಬ್ಬರ ಬಳಿ ಇರಬಹುದಾದ ಬಂದೂಕುಗಳನ್ನ ಮೂರರಿಂದ ಎರಡಕ್ಕೆ ಇಳಿಸಿತು. ಎಣಿಸೋಕೆ ನಾವು ಯಾವಾಗಲೂ ತಯಾರು. ಅಳೆಯೋಕೆ ಅಲ್ಲ. 2016ರ ನಿಯಮಗಳಲ್ಲಿ ಹೊಸದಾಗಿ ಲೈಸೆನ್ಸ್ ಕೇಳುವವರಿಗೆ ಸುರಕ್ಷತಾ ತರಬೇತಿಯ ಮಾತಿದೆ, ಒಳ್ಳೇದೇ. ಅಜ್ಜನ ಕಾಲದ ಕೋವಿ ಹಿಡಿದ ಎಪ್ಪತ್ತರ ರೈತನಿಗೆ ಯಾರು ಹೇಳಿಕೊಡ್ತಾರೆ?

ನಾನು ಕೇಳೋದು ಇಷ್ಟೇ. ನವೀಕರಣದ ದಿನ ಚೇಂಬರ್ ಅಳೆಯಿರಿ. ಲೈಸೆನ್ಸ್ ಪುಸ್ತಕದಲ್ಲಿ ಅದನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆಯಿರಿ. ಆ ಅಂಕಿ ನೋಡದೆ ಯಾರೂ ತೋಟಾ ಮಾರಬಾರದು. ಐದು ನಿಮಿಷದ ಕೆಲಸ.

ಕಳೆದ ಹಬ್ಬಕ್ಕೆ ಊರಿಗೆ ಹೋದಾಗ ದೊಡ್ಡಪ್ಪನಿಗೆ ಒಂದು ವರ್ನಿಯರ್ ತಗೊಂಡುಹೋಗಿ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿ, ‘ಇಷ್ಟು ಸಣ್ಣ ಗೆರೆ ನನ್ ಕಣ್ಣಿಗೆ ಕಾಣುತ್ತೇನೋ ಮಗ?’ ಅಂದರು. ನಾನು ಅವರ ಹೆಬ್ಬೆರಳು ನೋಡಿದೆ. ಆ ಗೆರೆ ಎಲ್ಲರಿಗೂ ಕಾಣುತ್ತೆ.