ಕೇಳಲು ಹೋಗಿ ಕೇಳದೆ ಬಂದೆವು

ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಧಾತುವಿಗೆ ಎರಡು ಅರ್ಥಗಳಿರುವುದನ್ನು ವಾಚಕರು ಬಲ್ಲರು. ಕಿವಿಗೊಡುವುದೂ ಕೇಳುವುದೇ, ಪ್ರಶ್ನಿಸುವುದೂ ಕೇಳುವುದೇ. ಈಚೆಗೆ ನಾವು ಮೂವರು ವಿದ್ಯಾರ್ಥಿಗಳನ್ನು ಕರೆದುಕೊಂಡು ಬೆಂಗಳೂರಿನಲ್ಲಿ ಜರುಗಿದ ತಂತ್ರಾಂಶ ರಚನೆಗಾರರ, ಎಂದರೆ ಗಣಕಯಂತ್ರಕ್ಕೆ ಆಜ್ಞಾವಳಿಗಳನ್ನು ಬರೆಯುವವರ, ಸಮ್ಮೇಳನವೊಂದಕ್ಕೆ ಹೋಗಿದ್ದೆವು. ಮೊದಲನೆಯ ಅರ್ಥದಲ್ಲಿ ಎರಡು ದಿನಗಳ ಕಾಲ ಧಾರಾಳವಾಗಿ ಕೇಳಿದೆವು. ಎರಡನೆಯ ಅರ್ಥದಲ್ಲಿ ಸಭಾಂಗಣದೊಳಗೆ ಒಂದು ಸಲವೂ ಕೇಳಲಿಲ್ಲ. ಇದು ಕೇವಲ ನಮ್ಮ ನಾಚಿಕೆಯ ಸಂಗತಿಯಾಗಿದ್ದರೆ ಬರೆಯುವ ಅವಶ್ಯಕತೆ ಇರಲಿಲ್ಲ. ಆದರೆ ಅದರಿಂದ ನಷ್ಟವಾದದ್ದು ನಮಗಷ್ಟೇ ಅಲ್ಲವೆಂಬುದು ಆಮೇಲೆ ತಿಳಿಯಿತು.

ಜಮಖಂಡಿಯಿಂದ ಬೆಂಗಳೂರಿಗೆ ಐನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಸಂಜೆ ಬಸ್ಸು ಹತ್ತಿದರೆ ಇಳಿಯುವುದು ಮರುದಿನ ಬೆಳಗ್ಗೆ. ನಮ್ಮೊಡನೆ ಬಂದವರಲ್ಲಿ ಒಬ್ಬನು ಬನಹಟ್ಟಿಯ ನೇಕಾರರ ಮನೆಯವನು, ಒಬ್ಬಳು ಮುಧೋಳದವಳು, ಇನ್ನೊಬ್ಬನು ಬೀಳಗಿ ತಾಲ್ಲೂಕಿನ ರೈತರ ಮಗ. ಮೂವರೂ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಹೊರಡುವ ಮುನ್ನ ಹಿರಿಯ ಸಹೋದ್ಯೋಗಿಗಳೊಬ್ಬರು ಎರಡು ಆಕ್ಷೇಪಗಳನ್ನು ಎತ್ತಿದರು. ಭೌತವಿಜ್ಞಾನದವರಿಗೆ ಅಲ್ಲೇನು ಕೆಲಸವೆಂಬುದು ಒಂದು. ಉಪನ್ಯಾಸಗಳೆಲ್ಲ ಆಮೇಲೆ ಅಂತರಜಾಲದಲ್ಲಿ ಪುಕ್ಕಟೆಯಾಗಿ ಸಿಗುವಾಗ ಎರಡು ರಾತ್ರಿ ಬಸ್ಸಿನಲ್ಲಿ ನಿದ್ದೆಗೆಡುವುದೇಕೆಂಬುದು ಮತ್ತೊಂದು.

ಮೊದಲನೆಯದಕ್ಕೆ ಉತ್ತರ ಹೇಳುವುದು ಸುಲಭ. 2015ರ ಸೆಪ್ಟೆಂಬರ್ 14ರಂದು ಗುರುತ್ವಾಲೆಗಳು ಪ್ರಥಮ ಬಾರಿಗೆ ಪತ್ತೆಯಾದುವು; 2019ರ ಏಪ್ರಿಲ್ 10ರಂದು ಕೃಷ್ಣರಂಧ್ರದ ಪ್ರಥಮ ಚಿತ್ರ ಪ್ರಕಟವಾಯಿತು. ಈ ಎರಡು ಶೋಧಗಳಲ್ಲಿಯೂ ಲೆಕ್ಕಕ್ಕೆ, ನಕ್ಷೆಗೆ ವಿಜ್ಞಾನಿಗಳು ಬಳಸಿದ ಸಾಧನಗಳಲ್ಲಿ ಹಲವು ‘ಪೈಥಾನ್’ ಎಂಬ ಗಣಕಭಾಷೆಯಲ್ಲಿ ರಚಿತವಾದವು. ನಾನಾ ದೇಶಗಳ ಸ್ವಯಂಸೇವಕರು ಕೂಡಿ ಕಟ್ಟಿ ಎಲ್ಲರಿಗೂ ತೆರೆದಿಟ್ಟವು. ನಕ್ಷೆ ಬರೆಯುವ ‘ಮ್ಯಾಟ್‌ಪ್ಲಾಟ್‌ಲಿಬ್’ ಎಂಬುದನ್ನು ಆರಂಭಿಸಿದ ಜಾನ್ ಹಂಟರ್ ಅವರು ನರವಿಜ್ಞಾನದ ಸಂಶೋಧಕರು. ಅಪಸ್ಮಾರ ರೋಗಿಗಳ ಮಿದುಳಿನ ವಿದ್ಯುತ್ ಸಂಕೇತಗಳನ್ನು ನೋಡುವುದಕ್ಕೆ ಬೇಕಾಗಿ ಅದನ್ನು ಕೈಗೆತ್ತಿಕೊಂಡವರು. ನಮ್ಮ ಪ್ರಯೋಗಶಾಲೆಯಲ್ಲಿ ಲೋಲಕದ ಆಂದೋಲನಗಳ ನಕ್ಷೆಯನ್ನು ಬರೆಯುವುದಕ್ಕೂ ಇಂದು ಅದೇ ಸಾಧನವಿದೆ. ಅನ್ನ ಉಂಡ ಮನೆಯನ್ನು ಒಮ್ಮೆ ನೋಡಿಬರಬೇಕೆನ್ನಿಸುವುದು ಸಹಜ.

ಎರಡನೆಯ ಆಕ್ಷೇಪಕ್ಕೆ ಉತ್ತರ ಹುಡುಕಲು ನಮಗೆ ಹೋಗಿಬರುವಷ್ಟು ಕಾಲ ಹಿಡಿಯಿತು. ಈ ವಿಷಯದಲ್ಲಿ ಒಂದು ಹಳೆಯ ಪ್ರಸಂಗವನ್ನು ಹೇಳಬೇಕು. 1968ರ ಅಕ್ಟೋಬರ್ ತಿಂಗಳಿನಲ್ಲಿ ಜರ್ಮನಿಯ ಗಾರ್ಮಿಶ್ ಎಂಬ ಊರಿನಲ್ಲಿ ಹನ್ನೊಂದು ದೇಶಗಳಿಂದ ಬಂದ ಐವತ್ತಕ್ಕೂ ಮಿಕ್ಕ ಜನ ಕೂಡಿದ್ದರು. ದೊಡ್ಡ ದೊಡ್ಡ ಆಜ್ಞಾವಳಿಗಳು ಹೇಳಿದ ಸಮಯಕ್ಕೆ ಮುಗಿಯುತ್ತಿರಲಿಲ್ಲ. ಮುಗಿದವು ತಪ್ಪುಗಳಿಂದ ತುಂಬಿರುತ್ತಿದ್ದುವು. ‘ಸಾಫ್ಟ್‌ವೇರ್ ಎಂಜಿನಿಯರಿಂಗ್’ ಎಂಬ ಮಾತು ರೂಢಿಗೆ ಬಂದದ್ದು ಆ ಸಭೆಯಿಂದಲೇ. ಪೀಟರ್ ನೌರ್ ಮತ್ತು ಬ್ರಯನ್ ರ‍್ಯಾಂಡೆಲ್ ಎಂಬವರು ಸಂಪಾದಿಸಿದ ಆ ಸಭೆಯ ವರದಿಯನ್ನು ಓದಿದರೆ ಒಂದು ವಿಶೇಷ ಕಾಣುತ್ತದೆ. ಅದರ ಬಹುಭಾಗ ಪ್ರಬಂಧಗಳ ಮುದ್ರಣವಲ್ಲ. ಯಾರು ಏನು ಕೇಳಿದರು, ಯಾರು ಒಪ್ಪಲಿಲ್ಲ, ಯಾರು ತಮ್ಮ ಸೋಲನ್ನು ಒಪ್ಪಿಕೊಂಡರು ಎಂಬ ಸಂವಾದ. ಅರ್ಧ ಶತಮಾನಕ್ಕೂ ಮೀರಿ ಅದನ್ನು ಜನ ಓದುತ್ತಿರುವುದು ಆ ಸಂವಾದಕ್ಕಾಗಿ.

ನಮ್ಮ ನಾಡಿನಲ್ಲಿಯೂ ಇಂಥ ಕೂಟಗಳಿಗೆ ಒಂದು ಪರಂಪರೆ ಇದೆ. 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂಬ ಸಮ್ಮೇಳನ ಆರಂಭವಾಗಿ ಮುಂದೆ ‘ಫಾಸ್ ಡಾಟ್ ಇನ್’ ಎಂದು ಹೆಸರು ಬದಲಿಸಿಕೊಂಡು ಹಲವು ವರ್ಷ ನಡೆಯಿತು. ಪೈಥಾನ್ ಬಳಕೆದಾರರ ಪ್ರಥಮ ಅಖಿಲ ಭಾರತ ಸಮ್ಮೇಳನವಾದ ‘ಪೈಕಾನ್ ಇಂಡಿಯಾ’ 2009ರ ಸೆಪ್ಟೆಂಬರ್‌ನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಜರುಗಿತು. ಆಮೇಲೆ ಪುಣೆ, ದೆಹಲಿ, ಹೈದರಾಬಾದು, ಚೆನ್ನೈಗಳನ್ನು ಸುತ್ತಿ 2024ರಲ್ಲಿ ಮತ್ತೆ ಬೆಂಗಳೂರಿಗೆ ಬಂದಿತು. ನಡೆಸುವವರು ಸ್ವಯಂಸೇವಕರು. ಉಪನ್ಯಾಸ ಕೊಡಬಯಸುವ ಯಾರೇ ಆಗಲಿ ಕೆಲವು ತಿಂಗಳು ಮೊದಲೇ ವಿಷಯವನ್ನು ಬರೆದು ಕಳುಹಿಸಬಹುದು. ಇವಲ್ಲದೆ ಐದೇ ನಿಮಿಷದ ಕಿರುಭಾಷಣಗಳೂ ಉಂಟು. ಕಡೆಗೊಂದು ದಿನ ಕಲಿತವರೂ ಕಲಿಯುವವರೂ ಒಂದೇ ಮೇಜಿನ ಸುತ್ತ ಕುಳಿತು ಆಜ್ಞಾವಳಿಗಳ ತಪ್ಪುಗಳನ್ನು ತಿದ್ದುವ ಪದ್ಧತಿಯೂ ಇದೆ.

ನಾವು ಹೋದ ಸಭೆಯ ಮಾತಿಗೆ ಬರೋಣ. ಎರಡನೆಯ ದಿನ ಮಧ್ಯಾಹ್ನ, ಬರೆಹವನ್ನು ಗಣಕಯಂತ್ರದಿಂದ ಶೋಧಿಸುವ, ವಿಂಗಡಿಸುವ ವಿಧಾನಗಳನ್ನು ಕುರಿತ ಉಪನ್ಯಾಸವಿತ್ತು. ಉದಾಹರಣೆಗಳೆಲ್ಲ ಇಂಗ್ಲಿಷಿನವು. ನಡುವೆ ಬನಹಟ್ಟಿಯ ಹುಡುಗನು ತನ್ನ ಲ್ಯಾಪ್‌ಟಾಪನ್ನು ನಮ್ಮತ್ತ ತಿರುಗಿಸಿ ಮೆಲ್ಲನೆ, “ಸರ್, ಬನಹಟ್ಟಿಗೆ ನಾಲ್ಕ ಅಕ್ಷರ ಅಲ್ಲೇನ್ರಿ? ಇದು ಏಳು ಅಂತ ತೋರಸಾಕತ್ತೈತ್ರಿ” ಎಂದನು. ಉಪನ್ಯಾಸಕರು ತೋರಿಸಿದ ಕ್ರಮದಲ್ಲಿಯೇ ತನ್ನ ಊರಿನ ಹೆಸರಿನ ಉದ್ದವನ್ನು ಅಳೆದು ನೋಡಿದ್ದನು. ಎದ್ದು ಕೇಳೆಂದು ನಾವು ಹೇಳಿದೆವು. “ನೀವ ಕೇಳ್ರಿ ಸರ್” ಎಂದನು. ಪ್ರಶ್ನೆಗಳಿಗೆ ಐದು ನಿಮಿಷ ಕೊಟ್ಟರು. ಧ್ವನಿವರ್ಧಕ ನಮ್ಮ ಸಾಲಿನ ಪಕ್ಕದಲ್ಲಿಯೇ ಹಾದುಹೋಯಿತು. ಸ್ನಾತಕೋತ್ತರ ಪದವಿ ಪಡೆದು, ದಿನಕ್ಕೆ ಮೂರು ತಾಸು ಪಾಠ ಹೇಳುವ ನಾವೂ ವಾಕ್ಯವನ್ನು ಇಂಗ್ಲಿಷಿನಲ್ಲಿ ಮನಸ್ಸಿನೊಳಗೆ ಜೋಡಿಸುತ್ತಲೇ ಕುಳಿತೆವು. ಜೋಡಿಸಿ ಮುಗಿಯುವಷ್ಟರಲ್ಲಿ ಚಪ್ಪಾಳೆ ಬಿದ್ದಿತು.

ಪ್ರಶ್ನೆ ಸಣ್ಣದಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಗೊತ್ತುಪಡಿಸಿದ ‘ಯೂನಿಕೋಡ್’ ಎಂಬ ವ್ಯವಸ್ಥೆಯಲ್ಲಿ 1991ರಿಂದಲೂ ಕನ್ನಡಕ್ಕೆ ಸ್ಥಾನವುಂಟು. ಅದರಲ್ಲಿ ಪ್ರತಿಯೊಂದು ವ್ಯಂಜನಕ್ಕೂ ಸ್ವರಚಿಹ್ನೆಗೂ ಅರ್ಧಾಕ್ಷರದ ಗುರುತಿಗೂ ಬೇರೆ ಬೇರೆ ಸಂಖ್ಯೆಗಳು. ಬ, ನ, ಹ ಎಂಬಿವು ಮೂರು. ‘ಟ್ಟಿ’ ಎಂಬ ಒಂದೇ ಅಕ್ಷರದಲ್ಲಿ ಟಕಾರ, ಅರ್ಧಾಕ್ಷರದ ಗುರುತು, ಇನ್ನೊಂದು ಟಕಾರ, ಗುಡಿಸು ಹೀಗೆ ನಾಲ್ಕು. ಕೂಡಿದರೆ ಏಳು. ಯಂತ್ರ ಎಣಿಸುವುದು ಸಂಖ್ಯೆಗಳನ್ನು, ನಾವು ಎಣಿಸುವುದು ಅಕ್ಷರಗಳನ್ನು. ಈ ಹೆಸರನ್ನು ಹಿಂದುಮುಂದಾಗಿ ಬರೆಯೆಂದರೆ ಗುಡಿಸು ಆಧಾರವಿಲ್ಲದೆ ಮೊದಲಿಗೆ ಬಂದು ನಿಲ್ಲುತ್ತದೆ. ಅರ್ಜಿಯ ನಮೂನೆಯಲ್ಲಿ ಹೆಸರಿಗೆ ಇಂತಿಷ್ಟೇ ಅಕ್ಷರವೆಂದು ಮಿತಿ ಹಾಕಿದವನು ಸಂಖ್ಯೆಗಳನ್ನು ಎಣಿಸಿದ್ದರೆ, ಕನ್ನಡದ ಹೆಸರು ಒತ್ತಕ್ಷರದ ನಡುವೆಯೇ ತುಂಡಾದೀತು.

ಮುಧೋಳದ ಗತಿ ಇನ್ನೂ ವಿಚಿತ್ರ. ‘ಧೋ’ ಎಂಬಲ್ಲಿಯ ಓತ್ವವನ್ನು ಒಂದೇ ಸಂಖ್ಯೆಯಿಂದಲೂ ಬರೆಯಬಹುದು, ಮೂರು ತುಂಡುಗಳನ್ನು ಜೋಡಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ರೂಪವಾಗಿ ಕಾಣಬೇಕೆಂಬುದೇ ನಿಯಮ. ಹಾಗಿದ್ದೂ ಅವೆರಡು ಸಮವೇ ಎಂದು ಕೇಳಿದರೆ ಯಂತ್ರವು ಅಲ್ಲವೆನ್ನುತ್ತದೆ. ರನ್ನನ ಊರು ಒಂದು ಯಾದಿಯಲ್ಲಿ ಇದ್ದೂ ಇಲ್ಲವಾಗುವುದೆಂದರೆ ಹೀಗೆ. ಒಂದು ಅಳತೆಯನ್ನು ಮೀಟರಿನಲ್ಲಿಯೂ ಇನ್ನೊಂದನ್ನು ಅಡಿಯಲ್ಲಿಯೂ ಬರೆದು ಹೋಲಿಸಿದಂಥ ತಪ್ಪು ಇದು. ಮೊದಲು ಎರಡನ್ನೂ ಒಂದೇ ಮಾನಕ್ಕೆ ತರಬೇಕು. ಹಾಗೆ ತರುವ ಸಾಧನ ಪೈಥಾನಿನಲ್ಲಿಯೇ ಇದೆ. ಅದನ್ನು ಬಳಸಬೇಕೆಂದು ಇಂಗ್ಲಿಷನ್ನಷ್ಟೇ ಬರೆಯುವವನಿಗೆ ಹೊಳೆಯುವ ಕಾರಣವಿಲ್ಲ.

ಇಷ್ಟನ್ನು ನಾವು ಕಲಿತದ್ದು ಸಭಾಂಗಣದಲ್ಲಲ್ಲ, ಚಹದ ಮೇಜಿನ ಬಳಿಯಲ್ಲಿ. ನಮ್ಮ ಮಾತು ಕಿವಿಗೆ ಬಿದ್ದು ಮೈಸೂರಿನ ಕಡೆಯ ಹಿರಿಯ ತಂತ್ರಜ್ಞೆಯೊಬ್ಬರು ತಾವಾಗಿ ಬಂದು ಮಾತನಾಡಿಸಿದರು. ಮೆಟ್ಟಿಲ ಮೇಲೆ ಕುಳಿತು, ಕಾರ್ಯಕ್ರಮ ಪತ್ರಿಕೆಯ ಹಿಂಬದಿಯಲ್ಲಿ ಅರ್ಧ ತಾಸು ಬರೆದು ತೋರಿಸಿದರು. ಹುಡುಗನ ನಾಲಗೆ ಅಲ್ಲಿ ಸಡಿಲವಾಯಿತು. ಒಂದಾದ ಮೇಲೊಂದು ಪ್ರಶ್ನೆ ಹಾಕಿದನು. ಕೊನೆಗೆ ಆಕೆ, “ಇದನ್ನ ಒಳಗೇ ಕೇಳಬೇಕಿತ್ತು ನೀವು. ಅಲ್ಲಿ ಕೂತಿದ್ದೋರಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ” ಎಂದರು. ಆ ಮಾತು ನಮ್ಮನ್ನು ಹಿಂದಿರುಗುವ ಬಸ್ಸಿನಲ್ಲಿ ನಿದ್ದೆ ಮಾಡಗೊಡಲಿಲ್ಲ. ಅರ್ಜಿಯ ನಮೂನೆಗಳನ್ನೂ ಯಾದಿಗಳನ್ನೂ ರಚಿಸುವವರು ಆ ಕೋಣೆಯಲ್ಲಿಯೇ ಇದ್ದಿರಬೇಕು. ಅವರಿಗೆ ತಿಳಿಯಬೇಕಾಗಿದ್ದ ಸಂಗತಿ ಬನಹಟ್ಟಿಯ ಹುಡುಗನ ಬಳಿಯಲ್ಲಿತ್ತು. ಅವನ ಬಾಯಿಂದ ಅದು ಹೊರಡಲಿಲ್ಲ, ಅವನ ಗುರುಗಳ ಬಾಯಿಂದಲೂ ಹೊರಡಲಿಲ್ಲ.

ಇಂಗ್ಲಿಷ್ ಕಲಿಯಬಾರದೆಂದು ನಮ್ಮ ವಾದವಲ್ಲ. ಆ ಭಾಷೆಯಿಲ್ಲದೆ ಈ ವಿದ್ಯೆಯಲ್ಲಿ ದೂರ ಸಾಗುವುದು ಇಂದಿಗೆ ಕಷ್ಟವೇ ಸರಿ. ಆದರೆ ಚೆನ್ನಾಗಿ ಇಂಗ್ಲಿಷ್ ಬಂದ ಮೇಲೆ ಕೇಳೋಣವೆಂದು ಕಾಯುವವನು ಕಾಯುತ್ತಲೇ ಇರುತ್ತಾನೆ. ಅದಕ್ಕೆ ನಾವೇ ಸಾಕ್ಷಿ. ಪ್ರಶ್ನೆಯನ್ನು ಯಾವ ಭಾಷೆಯಲ್ಲಾದರೂ ಕೇಳಬಹುದು, ಪಕ್ಕದವರು ಅನುವಾದಿಸುವರು ಎಂದು ಅಧ್ಯಕ್ಷರು ಆರಂಭದಲ್ಲಿ ಒಂದು ಮಾತು ಹೇಳಿದರೆ ಸಾಕು. ಅದಕ್ಕೆ ಹಣ ಬೇಕಿಲ್ಲ. ಇತ್ತ ನಮ್ಮ ಕಾಲೇಜುಗಳೂ ಸಮ್ಮೇಳನಕ್ಕೆ ಹೋಗುವುದನ್ನು ಪ್ರವಾಸದ ಲೆಕ್ಕಕ್ಕೆ ಸೇರಿಸುವುದನ್ನು ಬಿಟ್ಟು, ಬಸ್ಸಿನ ಖರ್ಚನ್ನೂ ಎರಡು ದಿನಗಳ ಹಾಜರಿಯನ್ನೂ ಕೊಡಬೇಕು. ಅಂಗಿ, ಚೀಟಿ, ಚೀಲಗಳನ್ನು ಹೊತ್ತು ತರುವುದಕ್ಕಾಗಿ ಮಳಿಗೆಯಿಂದ ಮಳಿಗೆಗೆ ಅಲೆಯುವವರನ್ನೂ ನಾವು ಅಲ್ಲಿ ಕಂಡೆವು. ಅಂಥವರಿಗೆ ಹಾಜರಿ ಬೇಡ.

ಎಲ್ಲರೂ ಬೆಂಗಳೂರಿಗೇ ಹೋಗಬೇಕೇಕೆ ಎಂಬ ಪ್ರಶ್ನೆಯೂ ಇದೆ. ಜಕಾರ್ಡ್ ಮಗ್ಗವನ್ನು ನೋಡಿದವರಿಗೆ ಆಜ್ಞಾವಳಿ ಎಂದರೇನೆಂದು ಬಹಳ ವಿವರಿಸಬೇಕಾಗಿಲ್ಲ. ತೂತು ಕೊರೆದ ರಟ್ಟಿನ ಪಟ್ಟಿಗಳ ಸರಮಾಲೆ ಮೇಲೆ ಸರಿದಂತೆಲ್ಲ ಹಾಸಿನ ಯಾವ ಎಳೆ ಏಳಬೇಕು, ಯಾವುದು ಕೆಳಗಿರಬೇಕು ಎಂಬುದು ತೂತು ಇರುವುದು ಇಲ್ಲದಿರುವುದರಿಂದಲೇ ನಿರ್ಧಾರವಾಗುತ್ತದೆ. ಫ್ರಾನ್ಸಿನ ಜಕಾರ್ಡ್ ಹತ್ತೊಂಬತ್ತನೆಯ ಶತಮಾನದ ಮೊದಲಿನಲ್ಲಿ ರೂಪಿಸಿದ ಈ ಪಟ್ಟಿಗಳನ್ನೇ ಚಾರ್ಲ್ಸ್ ಬ್ಯಾಬೇಜ್ ತನ್ನ ಗಣಕಯಂತ್ರದ ಯೋಜನೆಗೆ ಎರವಲು ಪಡೆದನು. 1843ರಲ್ಲಿ ಏಡಾ ಲವ್ಲೇಸ್ ಆ ಯಂತ್ರವನ್ನು ವಿವರಿಸುವಾಗ ಮಗ್ಗದ ಹೋಲಿಕೆಯನ್ನೇ ಕೊಟ್ಟಳು. ಮಗ್ಗದ ಸದ್ದಿನಲ್ಲಿ ಬೆಳೆದ ರಬಕವಿ-ಬನಹಟ್ಟಿಯಲ್ಲಿ ಐವತ್ತು ಜನ ಕೂಡುವ ಒಂದು ದಿನದ ಸಭೆಯನ್ನು ಕನ್ನಡದಲ್ಲಿ ನಡೆಸುವುದು ಅಸಾಧ್ಯವೇ? ಗಾರ್ಮಿಶ್‌ನಲ್ಲಿಯೂ ಕೂಡಿದ್ದವರು ಐವತ್ತು ಚಿಲ್ಲರೆ ಜನ. ಶಾಲೆಯೊಂದರ ಕೋಣೆ, ಒಂದು ಪ್ರಕ್ಷೇಪಕ, ಮಧ್ಯಾಹ್ನಕ್ಕೆ ರೊಟ್ಟಿ ಪಲ್ಯ ಸಾಕು. ಬೆಂಗಳೂರಿನಿಂದ ಒಬ್ಬಿಬ್ಬರು ರಾತ್ರಿಯ ಬಸ್ಸು ಹತ್ತಿ ಬರಲಿ. ದಾರಿ ಎರಡೂ ಕಡೆಗೆ ಅಷ್ಟೇ ದೂರ.

ಹುಡುಗನು ಈಗ ಐದು ನಿಮಿಷದ ಕಿರುಭಾಷಣವೊಂದನ್ನು ಸಿದ್ಧಪಡಿಸುತ್ತಿದ್ದಾನೆ. ಮುಧೋಳದ ವಿದ್ಯಾರ್ಥಿನಿ ನಾಲ್ಕೂ ಊರುಗಳ ಹೆಸರುಗಳನ್ನು ಎಲ್ಲ ರೀತಿಗಳಲ್ಲಿ ಬರೆದು, ಯಾವುದು ಎಲ್ಲಿ ತಪ್ಪುತ್ತದೆಂಬ ಕೋಷ್ಟಕವನ್ನು ಮಾಡಿಕೊಟ್ಟಿದ್ದಾಳೆ. ಯಾವ ಭಾಷೆಯಲ್ಲಿ ಮಾತನಾಡಬೇಕೆಂಬುದನ್ನು ಕುರಿತು ಪ್ರತಿ ಶನಿವಾರ ಪ್ರಯೋಗಶಾಲೆಯಲ್ಲಿ ವಾದ ನಡೆಯುತ್ತಿದೆ; ಇನ್ನೂ ತೀರ್ಮಾನವಾಗಿಲ್ಲ.